ಟ್ರೈಕೋಗ್ರಾಮ ಕಣಜ: ಗುರುತು ಹಿಡಿಯುವುದು ಏಕೆ ಮುಖ್ಯ?

ಬೆಂಗಳೂರಿನ ದಕ್ಷಿಣಕ್ಕಿರುವ ಜೆ.ಪಿ. ನಗರ ಇಂದು ಮನೆಗಳಿಂದ ತುಂಬಿದ ಬಡಾವಣೆ. ಆದರೂ ಅಲ್ಲಿನ ಹಿತ್ತಲುಗಳಲ್ಲಿ ನಿಂಬೆ, ಕರಿಬೇವಿನ ಗಿಡಗಳಿಗೆ ಬರವಿಲ್ಲ. ಇವುಗಳ ಎಳೆಯ ಎಲೆಗಳ ಮೇಲೆ ನಿಂಬೆ ಚಿಟ್ಟೆ ಸಾಸಿವೆ ಕಾಳಿಗಿಂತ ತುಸು ಚಿಕ್ಕದಾದ, ತಿಳಿಹಳದಿ ಬಣ್ಣದ ಮೊಟ್ಟೆಗಳನ್ನು ಒಂದೊಂದಾಗಿ ಇಡುತ್ತದೆ. ಇವುಗಳಲ್ಲಿ ಕೆಲವು ಕಪ್ಪಾಗಿ, ಮರಿಹುಳು ಹೊರಬಾರದೆ ಹಾಗೆಯೇ ಉಳಿಯುವುದುಂಟು. ಅಂಥ ಮೊಟ್ಟೆಯೊಳಗೆ ಬೆಳೆಯುತ್ತಿರುವುದು ಚಿಟ್ಟೆಯ ಮರಿಯಲ್ಲ, ಅದನ್ನು ತಿಂದು ಬದುಕುವ ಮೊಟ್ಟೆಕಣಜ. ಇಂಥ ಕಣಜಗಳಲ್ಲಿ ರೈತರಿಗೆ ಹೆಚ್ಚು ಬಳಕೆಗೆ ಬಂದಿರುವುದು ಟ್ರೈಕೋಗ್ರಾಮ.

ಕಣಜ ಎಂದೊಡನೆ ಕುಟುಕುವ ಹುಳು ನೆನಪಾಗುವುದು ಸಹಜ. ಇದು ಯಾರನ್ನೂ ಕುಟುಕದು. ಇದರ ಉದ್ದ ಸುಮಾರು ಅರ್ಧ ಮಿಲಿಮೀಟರ್ ಮಾತ್ರ. ಹೆಣ್ಣು ಕಣಜ ಪತಂಗದ ಮೊಟ್ಟೆಯನ್ನು ಚುಚ್ಚಿ ಅದರೊಳಗೆ ತನ್ನ ಮೊಟ್ಟೆ ಇಡುತ್ತದೆ. ನಾಲ್ಕೈದು ದಿನಗಳಲ್ಲಿ ಪತಂಗದ ಮೊಟ್ಟೆ ಕಪ್ಪಾಗುತ್ತದೆ. ಎಂಟು ಹತ್ತು ದಿನಗಳಲ್ಲಿ ದುಂಡನೆಯ ರಂಧ್ರ ಕೊರೆದು ಹೊಸ ಕಣಜ ಹೊರಬರುತ್ತದೆ. ಪೈರನ್ನು ಕೊರೆಯಬೇಕಾದ ಹುಳು ಹುಟ್ಟುವುದೇ ಇಲ್ಲ.

ತೊಡಕು ಇರುವುದು ಗುರುತಿನಲ್ಲಿ. ಜಗತ್ತಿನಲ್ಲಿ ಟ್ರೈಕೋಗ್ರಾಮದ 200ಕ್ಕೂ ಹೆಚ್ಚು ಜಾತಿಗಳನ್ನು ಹೆಸರಿಸಲಾಗಿದೆ. ಹೊರನೋಟಕ್ಕೆ ಎಲ್ಲವೂ ಒಂದೇ ಬಗೆ. ನಮ್ಮ ಕಬ್ಬಿನ ಕೊರಕಗಳ ಮೊಟ್ಟೆಗಳಲ್ಲಿ ಸಿಗುವ ಕಣಜವನ್ನು ಹಿಂದೆ ಅಮೆರಿಕದ ಮಿನ್ಯೂಟಮ್ ಎಂದು ಕರೆದರು. ಆಮೇಲೆ ಆಸ್ಟ್ರೇಲಿಕಮ್ ಎಂದರು. 1976ರಲ್ಲಿ ಇದಕ್ಕೆ ಕನ್‌ಫ್ಯೂಸಮ್ ಎಂಬ ಹೆಸರೂ ಬಂತು. ಗೊಂದಲಕ್ಕೆ ತಕ್ಕ ಹೆಸರೇ ಸರಿ!

ಈ ಗಂಟನ್ನು ಬಿಡಿಸಿದ ಕೆಲಸ ಬಹುಮಟ್ಟಿಗೆ ಬೆಂಗಳೂರಿನಲ್ಲೇ ನಡೆಯಿತು. 1957ರಲ್ಲಿ ಇಲ್ಲಿ ಆರಂಭವಾದ ಕಾಮನ್‌ವೆಲ್ತ್ ಜೈವಿಕ ಹತೋಟಿ ಸಂಸ್ಥೆಯ ಭಾರತೀಯ ಕೇಂದ್ರದ ವಿಜ್ಞಾನಿಗಳಾದ ಸುಧಾ ನಾಗರಕಟ್ಟಿ ಮತ್ತು ಎಚ್. ನಾಗರಾಜ ಅವರು ಗಂಡು ಕಣಜದ ಜನನಾಂಗವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಜಾತಿ ತಿಳಿಯಬಹುದೆಂದು 1971ರಲ್ಲಿ ವಿವರವಾಗಿ ತೋರಿಸಿದರು. ಬಣ್ಣ, ಗಾತ್ರಗಳು ಹವೆ ಮತ್ತು ಆಹಾರಕ್ಕೆ ತಕ್ಕಂತೆ ಬದಲಾಗುತ್ತವೆ, ಈ ಅಂಗದ ರಚನೆ ಹಾಗಲ್ಲ. ಬೇರೆ ಬೇರೆ ಕಡೆಯ ಕಣಜಗಳನ್ನು ಒಂದರೊಡನೊಂದು ಕೂಡಿಸಿ, ಸಂತಾನ ಆಗುವುದೋ ಇಲ್ಲವೋ ಎಂಬುದನ್ನೂ ಅವರು ಪರೀಕ್ಷಿಸಿದರು. ಕಬ್ಬಿನ ಈ ಕಣಜ 1941ರಲ್ಲಿಯೇ ಇಶೀ ಎಂಬ ವಿಜ್ಞಾನಿ ಹೆಸರಿಸಿದ್ದ ಟ್ರೈಕೋಗ್ರಾಮ ಕೈಲೋನಿಸ್ ಎಂಬುದು 1979ರಲ್ಲಿ ಇವರಿಂದಲೇ ಸ್ಪಷ್ಟವಾಯಿತು.

ಹೆಸರು ಯಾವುದಾದರೇನು, ಹುಳು ಸತ್ತರೆ ಸಾಕು ಎನ್ನುವವರು ಭತ್ತದ ಗದ್ದೆಯನ್ನು ನೋಡಬೇಕು. ಅಲ್ಲಿ ಎಲೆ ಸುರುಳಿ ಹುಳುವಿಗೆ ಕೈಲೋನಿಸ್ ಬಿಡುವುದು ವಾಡಿಕೆ. ಕಾಂಡ ಕೊರೆಯುವ ಹುಳುವಿಗೆ ಜಪಾನಿಕಮ್ ಎಂಬ ಜಾತಿಯೇ ಬೇಕು. ಈ ಪತಂಗ ತನ್ನ ಮೊಟ್ಟೆಗಳ ಗುಂಪನ್ನು ಕಂದು ರೋಮದಿಂದ ಮುಚ್ಚಿರುತ್ತದೆ. ತಪ್ಪು ಜಾತಿ ಬಿಟ್ಟರೆ ಹಣವೂ ಹೋಗುತ್ತದೆ, ಸುಳಿಯೂ ಒಣಗುತ್ತದೆ. ಆಮೇಲೆ ರೈತ ಕಣಜವನ್ನೇ ಬೈದು ಸಿಂಪರಣೆಗೆ ಹಿಂದಿರುಗಿದರೆ ತಪ್ಪು ಅವನದಲ್ಲ.

ಇದೇ ಇಬ್ಬರು ವಿಜ್ಞಾನಿಗಳು 1970ರಲ್ಲಿ ಹೊಸದಾಗಿ ವಿವರಿಸಿದ ಜಾತಿಗಳಲ್ಲಿ ಅಕಿಯೇ ಒಂದು. ಹರಳು ಗಿಡದ ಎಲೆ ತಿನ್ನುವ ಕೊಂಡಲಿ ಹುಳುವಿನ ಶಾಸ್ತ್ರೀಯ ಹೆಸರಿನಿಂದ ಬಂದ ಹೆಸರು ಇದು. ಮುಂದೆ ಸ್ಪೇನ್ ದೇಶದ ಹಸಿರುಮನೆಗಳಲ್ಲಿ ಟೊಮೆಟೊದ ಟೂಟಾ ಹುಳುವಿನ ಹತೋಟಿಗೆ ಈ ಜಾತಿಯನ್ನೇ ಬಳಸಿದರು. ಅದೇ ಟೂಟಾ 2014ರಲ್ಲಿ ಭಾರತಕ್ಕೂ ಬಂತು.

ಪರಂಗಿಯ ಹಿಟ್ಟುತಿಗಣೆಯ ಸಂಗತಿಯೂ ಇಂಥದೇ. 2008ರಲ್ಲಿ ಕೊಯಮತ್ತೂರಿನಲ್ಲಿ ಕಂಡ ಈ ಕೀಟ ಪರಂಗಿಯ ಜೊತೆಗೆ ಹಿಪ್ಪುನೇರಳೆಯನ್ನೂ ಹಾಳುಮಾಡಿತು. ಗುರುತು ಖಚಿತವಾಗಿದ್ದುದರಿಂದ ಅದರ ತವರು ಮೆಕ್ಸಿಕೊ ಭಾಗವೆಂದು ತಿಳಿದಿತ್ತು, ಅದರ ಶತ್ರುಗಳೂ ತಿಳಿದಿದ್ದವು. 2003ರಲ್ಲಷ್ಟೇ ಹೆಸರು ಪಡೆದಿದ್ದ ಅಸಿರೋಫಾಗಸ್ ಪಪಾಯೆ ಎಂಬ ಕಣಜವನ್ನು 2010ರಲ್ಲಿ ಪೋರ್ಟೊರಿಕೊದಿಂದ ಬೆಂಗಳೂರಿಗೆ ತರಿಸಿ, ಸಾಕಿ, ತೋಟಗಳಿಗೆ ಬಿಡಲಾಯಿತು. ತಿಗಣೆ ಹತೋಟಿಗೆ ಬಂತು.

ಟ್ರೈಕೋಕಾರ್ಡ್ ಕೊಳ್ಳುವಾಗ ಅದರ ಮೇಲೆ ಜಾತಿಯ ಹೆಸರು, ಕಣಜ ಹೊರಬರುವ ದಿನಾಂಕ ಬರೆದಿದೆಯೇ ನೋಡಬೇಕು. ಕಬ್ಬಿಗೆ ಒಂದು ಸಲಕ್ಕೆ ಹೆಕ್ಟೇರಿಗೆ 50,000 ಕಣಜಗಳ ಲೆಕ್ಕದಲ್ಲಿ, ಕಾರ್ಡಿನ ತುಂಡುಗಳನ್ನು ಸಂಜೆ ಎಲೆಯ ಕೆಳಭಾಗಕ್ಕೆ ಸಿಕ್ಕಿಸಬೇಕು. ಆ ದಿನಗಳಲ್ಲಿ ಕೀಟನಾಶಕ ಸಿಂಪಡಿಸಬಾರದು.

ಹೊಲದಲ್ಲಿ ತಾನಾಗಿಯೇ ಕಪ್ಪಾದ ಮೊಟ್ಟೆಗಳು ಸಿಕ್ಕರೆ ಎಲೆಯ ಚೂರಿನ ಸಮೇತ ಗಾಜಿನ ಕೊಳವೆಯಲ್ಲಿಟ್ಟು, ಬಾಯಿಗೆ ಹತ್ತಿ ಬಿಗಿದು, ಬೆಳೆ, ಊರು, ದಿನಾಂಕ ಬರೆದು ಹತ್ತಿರದ ಕೃಷಿ ವಿಜ್ಞಾನ ಕೇಂದ್ರದ ಕೀಟಶಾಸ್ತ್ರಜ್ಞರಿಗೆ ಕೊಡಬಹುದು. ಕೊಳವೆಯನ್ನು ಬಿಸಿಲಿನಲ್ಲಿ ಇಡಬಾರದು. ಗಂಡು ಕಣಜ ಹೊರಬರದೆ ಜಾತಿ ಹೇಳುವುದು ಕಷ್ಟವಾದ್ದರಿಂದ ಒಂದೆರಡು ಮೊಟ್ಟೆ ಸಾಲದು, ಹತ್ತಿಪ್ಪತ್ತಾದರೂ ಇರಲಿ.