ಕಾವಲಿ ಪಳಗುವ ಬಗೆ

ಹೊಸದಾಗಿ ತಂದ ಬೀಡಿನ ಕಾವಲಿಯ ಮೇಲೆ ಮೊದಲ ದೋಸೆ ಏಳುವುದಿಲ್ಲ. ಹಿಟ್ಟು ಎಷ್ಟೇ ಹದವಾಗಿ ಹುದುಗಿರಲಿ, ಮಗುಚುವ ಕೈ ಎಷ್ಟೇ ನುರಿತದ್ದಾಗಿರಲಿ, ಚೂರುಚೂರಾಗಿ ಕೆರೆದು ತೆಗೆಯುವುದೇ ಗತಿ. ಕೋಲಾರ ಜಿಲ್ಲೆಯ ಕ್ಯಾಸಂಬಳ್ಳಿ ಸುತ್ತಿನ ತೆಲುಗು ಮನೆಗಳಲ್ಲಿ ಇದು ಪೆನಂ, ಕೆಜಿಎಫ್‌ನ ತಮಿಳರಿಗೆ ದೋಸೆಕಲ್ಲು, ಕನ್ನಡದವರಿಗೆ ಹೆಂಚು ಇಲ್ಲವೇ ಕಾವಲಿ. ಯಾರ ಮನೆಯದಾದರೂ ಪಳಗಿಸದೆ ಕೆಲಸಕ್ಕೆ ಬಾರದು.

ಪಳಗಿದ ಕಾವಲಿಯ ಕಪ್ಪು ಹೊಳಪು ಕಬ್ಬಿಣದ್ದಲ್ಲ, ಎಣ್ಣೆಯದು. ಆದರೆ ಅದು ಎಣ್ಣೆಯಾಗಿ ಉಳಿದಿರುವುದಿಲ್ಲ. ತೆಳ್ಳಗೆ ಸವರಿದ ಎಣ್ಣೆ ಚೆನ್ನಾಗಿ ಕಾದಾಗ ಗಾಳಿಯ ಆಮ್ಲಜನಕ ಸೇರಿಕೊಂಡು, ಅದರ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುತ್ತವೆ. ಹರಿಯುತ್ತಿದ್ದದ್ದು ಗಟ್ಟಿಯಾದ ಪೊರೆಯಾಗಿ ಕಬ್ಬಿಣದ ಸಣ್ಣ ಸಣ್ಣ ತಗ್ಗುಗಳಲ್ಲಿ ಕಚ್ಚಿ ಕೂರುತ್ತದೆ. ರಸಾಯನಶಾಸ್ತ್ರದಲ್ಲಿ ಇದಕ್ಕೆ ಪಾಲಿಮರೀಕರಣ ಎನ್ನುತ್ತಾರೆ. ಒಲೆಯ ಹಿಂದಿನ ಟೈಲ್ಸ್ ಮೇಲೆ ಎಷ್ಟು ಉಜ್ಜಿದರೂ ಹೋಗದ ಕಂದು ಜಿಗುಟು ಇರುತ್ತದಲ್ಲ, ಅದು ಇದೇ ಕೆಲಸ ಅರ್ಧಕ್ಕೆ ನಿಂತದ್ದು. ಪಳಗಿಸುವುದೆಂದರೆ ಆ ಕೆಲಸವನ್ನು ಪೂರ್ತಿ ಮಾಡುವುದು.

ಅಂದಮೇಲೆ ಯಾವ ಎಣ್ಣೆ ಎಂಬ ಪ್ರಶ್ನೆಗೂ ಉತ್ತರ ಅಲ್ಲೇ ಇದೆ. ಕೊಂಡಿ ಹಾಕಿಕೊಳ್ಳಲು ಅಪರ್ಯಾಪ್ತ ಕೊಬ್ಬು ಬೇಕು. ಸೂರ್ಯಕಾಂತಿ, ಸೋಯಾ ಎಣ್ಣೆಗಳಲ್ಲಿ ಅದು ಹೆಚ್ಚು. ನಮ್ಮ ಕಡೆ ಮನೆಮನೆಯಲ್ಲೂ ಇರುವ ಕಡಲೆಕಾಯಿ ಎಣ್ಣೆ ಮಧ್ಯಮ, ಸ್ವಲ್ಪ ನಿಧಾನವಾದರೂ ಮೋಸವಿಲ್ಲ. ತೆಂಗಿನೆಣ್ಣೆ, ತುಪ್ಪ ಈ ಕೆಲಸಕ್ಕೆ ಬೇಡ. ಅವುಗಳ ಕೊಬ್ಬು ಬಹುಪಾಲು ಪರ್ಯಾಪ್ತ, ಪೊರೆ ಕಟ್ಟುವುದು ಕಷ್ಟ. ಪಳಗಿದ ಮೇಲೆ ದೋಸೆಗೆ ತುಪ್ಪ ಎಷ್ಟು ಬೇಕಾದರೂ ಹಾಕಿಕೊಳ್ಳಿ. ಅಗಸೆ ಎಣ್ಣೆಯನ್ನು ಕೆಲವರು ಬಹಳ ಹೊಗಳುತ್ತಾರೆ. ಅದರ ಪೊರೆ ಗಟ್ಟಿ ನಿಜ, ಆದರೆ ಹಕ್ಕಳೆ ಏಳುವುದೂ ಉಂಟು. ಅದಕ್ಕಾಗಿ ಹುಡುಕಿಕೊಂಡು ಹೋಗಿ ದುಡ್ಡು ಸುರಿಯಬೇಕಿಲ್ಲ.

ಕೊಳ್ಳುವಾಗ ಒಂದು ವ್ಯತ್ಯಾಸ ಗೊತ್ತಿರಲಿ. ಕಮ್ಮಾರರು ಬಡಿದು ಮಾಡಿದ ಬಾಣಲೆ ತೆಳು, ಸುತ್ತಿಗೆಯ ಗುರುತು ಕಾಣುತ್ತದೆ, ಬಿದ್ದರೆ ನೆಗ್ಗುತ್ತದೆ. ಬೀಡಿನದು ಕರಗಿಸಿ ಅಚ್ಚಿಗೆ ಹೊಯ್ದದ್ದು. ದಪ್ಪ, ಭಾರ, ಮೈ ಮರಳುಮರಳು, ಬಿದ್ದರೆ ಒಡೆಯುತ್ತದೆ. ಅದರಲ್ಲಿ ಶೇಕಡಾ 2ರಿಂದ 4ರಷ್ಟು ಇಂಗಾಲವಿರುವುದೇ ಹೀಗೆ ಒಡೆಯುವುದಕ್ಕೆ ಕಾರಣ. ಅದೇ ಇಂಗಾಲದಿಂದಾಗಿ ಇದು ಸುಮಾರು 1200 ಡಿಗ್ರಿ ಸೆಲ್ಸಿಯಸ್‌ಗೇ ಕರಗಿ ಸಲೀಸಾಗಿ ಅಚ್ಚಿಗಿಳಿಯುತ್ತದೆ. ಶುದ್ಧ ಕಬ್ಬಿಣಕ್ಕೆ 1538 ಡಿಗ್ರಿ ಬೇಕು. 1923ರಲ್ಲಿ ಭದ್ರಾವತಿಯ ಕಾರ್ಖಾನೆ ಶುರುವಾದಾಗ ಕಟ್ಟಿಗೆ ಇದ್ದಿಲು ಉರಿಸಿ ತೆಗೆದದ್ದು ಈ ಬೀಡನ್ನೇ, ಉಕ್ಕಿನ ಸರದಿ ಬಂದದ್ದು ಆಮೇಲೆ. ಹೋಟೆಲಿನ ದೊಡ್ಡ ದೋಸೆ ಹಲಗೆ ಸಾಮಾನ್ಯವಾಗಿ ಬೀಡಿನದಲ್ಲ, ದಪ್ಪ ಉಕ್ಕಿನ ತಗಡು. ಪಳಗುವ ರೀತಿ ಮಾತ್ರ ಎರಡಕ್ಕೂ ಒಂದೇ.

ಹೊಸ ಕಾವಲಿಗೆ ತುಕ್ಕು ಹಿಡಿಯದಿರಲೆಂದು ಮೇಣವನ್ನೋ ಎಣ್ಣೆಯನ್ನೋ ಸವರಿರುತ್ತಾರೆ, ಕೆಲವಕ್ಕೆ ಕರಿ ಬಣ್ಣವನ್ನೂ ಬಳಿದಿರುತ್ತಾರೆ. ಬಿಸಿನೀರು, ಸೋಪು, ತೆಂಗಿನ ನಾರು ಹಾಕಿ ಒರೆಸಿದ ಬಟ್ಟೆಗೆ ಕಪ್ಪು ಹತ್ತದ ತನಕ ತಿಕ್ಕಿ. ಹಳಬರು ಇದಾದ ಮೇಲೆ ಎರಡು ಮೂರು ದಿನ ಅಕ್ಕಿ ತೊಳೆದ ನೀರಿನಲ್ಲಿ ನೆನೆಹಾಕಿ, ದಿನವೂ ನೀರು ಬದಲಿಸುತ್ತಾರೆ. ಆ ನೀರು ಸ್ವಲ್ಪ ಹುಳಿಯಾಗುತ್ತದೆ, ತುಕ್ಕನ್ನೂ ಅಚ್ಚಿನ ಮರಳನ್ನೂ ಸಡಿಲ ಮಾಡುತ್ತದೆ. ಇದು ಶುಚಿ ಮಾಡುವ ಉಪಾಯ, ಪಳಗಿಸುವುದಲ್ಲ. ನೆನೆಹಾಕಿ ತೆಗೆದೊಡನೆ ದೋಸೆ ಹುಯ್ದು ನಿರಾಶರಾಗುವವರು ಇಲ್ಲೇ ಎಡವುತ್ತಾರೆ.

ತೊಳೆದ ಕಾವಲಿಯನ್ನು ಒಲೆಯ ಮೇಲೆ ಸಣ್ಣ ಉರಿಯಲ್ಲಿಟ್ಟು ಪಸೆ ಆರಿಸಿ. ಕೈಗೆ ಬೆಚ್ಚಗಾದಾಗ ಅರ್ಧ ಚಮಚ ಎಣ್ಣೆ ಹಾಕಿ ಒಳಗೆ, ಹೊರಗೆ, ಹಿಡಿಗೆ ಎಲ್ಲಾ ಕಡೆ ಸವರಿ. ಆಮೇಲೆ ಒಣಬಟ್ಟೆಯಿಂದ ಅಷ್ಟನ್ನೂ ಒರೆಸಿ ತೆಗೆಯಿರಿ. ಬೆರಳಿಟ್ಟರೆ ಜಾರಬಾರದು. ಎಲ್ಲ ತಪ್ಪೂ ಆಗುವುದು ಈ ಒರೆಸುವ ಹಂತದಲ್ಲೇ: ಹೆಚ್ಚು ಎಣ್ಣೆ ಹಚ್ಚಿದರೆ ಬೇಗ ಪಳಗುತ್ತದೆ ಎಂದುಕೊಂಡು ಹಾಗೇ ಬಿಟ್ಟರೆ, ಮೇಲಿನ ಪದರ ಮಾತ್ರ ಬಿಗಿದು ಒಳಗೆ ಗೋಂದಿನಂಥ ಜಿಗುಟು ಉಳಿಯುತ್ತದೆ. ಒರೆಸಿದ ಕಾವಲಿಯನ್ನು ಮಧ್ಯಮ ಉರಿಯಲ್ಲಿ ಹೊಗೆ ಬರುವ ತನಕ ಕಾಯಿಸಿ, ಆ ಹೊಗೆ ತೀರುವವರೆಗೂ ಬಿಡಿ. ಕಾಲು ಗಂಟೆ ಸಾಕು. ಕಿಟಕಿ ತೆರೆದಿರಲಿ. ತಾನಾಗಿ ಆರಿದ ಮೇಲೆ ಮತ್ತೆ ಎಣ್ಣೆ, ಮತ್ತೆ ಒರೆಸು, ಮತ್ತೆ ಉರಿ. ನಾಲ್ಕೈದು ಸಲ ಹೀಗೆ ಮಾಡಿದರೆ ಬೂದು ಬಣ್ಣ ಕಂದಾಗಿ, ಕಂದು ಕಪ್ಪಾಗುತ್ತದೆ. ಓವನ್ ಇದ್ದವರು 230 ಡಿಗ್ರಿಯಲ್ಲಿ ಒಂದು ಗಂಟೆ ಬೋರಲು ಹಾಕಿಡಬಹುದು. ಅಂಚಿನ ತನಕ ಒಂದೇ ಸಮ ಕಾಯುವುದು ಅದರ ಅನುಕೂಲ.

ಮೊದಲ ವಾರ ಈರುಳ್ಳಿ ಹುರಿಯಿರಿ, ಬಾಣಲೆಯಾದರೆ ಪೂರಿ ಕರಿಯಿರಿ, ಎಣ್ಣೆ ಹೆಚ್ಚು ಕುಡಿಯುವ ಉತ್ತಪ್ಪ ಮಾಡಿ. ಅರ್ಧ ಈರುಳ್ಳಿಯನ್ನು ಎಣ್ಣೆಗದ್ದಿ ಕಾವಲಿಗೆ ತಿಕ್ಕುವ ರೂಢಿ ಸುಮ್ಮನೆ ಬಂದದ್ದಲ್ಲ. ಚಮಚದಿಂದ ಹಾಕಿದ ಎಣ್ಣೆ ಒಂದೆಡೆ ಮಡುಗಟ್ಟುತ್ತದೆ, ಈರುಳ್ಳಿ ಅದನ್ನು ಬೇಕಾದಷ್ಟು ತೆಳುವಾಗಿ ಹರಡುತ್ತದೆ.

ಕಬ್ಬಿಣ ಬಿಸಿಯನ್ನು ಹೆಚ್ಚು ಹಿಡಿದಿಡುತ್ತದೆ ಎನ್ನುತ್ತಾರೆ. ಕೆಜಿಗೆ ಕೆಜಿ ತೂಗಿದರೆ ಅಲ್ಯೂಮಿನಿಯಂ ಅದರ ಎರಡರಷ್ಟು ಹಿಡಿಯುತ್ತದೆ. ಬೀಡಿನ ಕಾವಲಿ ಗೆಲ್ಲುವುದು ತನ್ನ ತೂಕದಿಂದ: ತಣ್ಣನೆಯ ಹಿಟ್ಟು ಬಿದ್ದರೂ ಅದರ ಕಾವು ಅಷ್ಟಾಗಿ ಇಳಿಯದು, ದೋಸೆಯ ತಳ ಒಂದೇ ಸಮ ಕೆಂಪಾಗುತ್ತದೆ. ಆದರೆ ಬಿಸಿ ಹರಡುವುದರಲ್ಲಿ ಇದು ಮಂದ, ಅಲ್ಯೂಮಿನಿಯಂನ ಕಾಲುಭಾಗದಷ್ಟು ವೇಗವೂ ಇಲ್ಲ. ದೊಡ್ಡ ಉರಿ ಇಟ್ಟರೆ ನಡುವೆ ಸೀಯುತ್ತದೆ, ಅಂಚು ಹಸಿ. ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕಾಯಿಸಿ ಶುರುಮಾಡಬೇಕು. ಇಂಡಕ್ಷನ್ ಒಲೆಯಲ್ಲಂತೂ ಇನ್ನೂ ನಿಧಾನವಾಗಿ ಕಾಯಿಸಬೇಕು. ನೀರು ಚಿಮುಕಿಸಿದಾಗ ಹನಿ ಉರುಳುರುಳಿ ಓಡಿದರೆ ಕಾವಲಿ ದೋಸೆಗೆ ವಿಪರೀತ ಕಾದಿದೆ ಎಂದರ್ಥ. ಹಿಟ್ಟು ಬಿದ್ದಲ್ಲೇ ಬಿಗಿದು ಸೌಟಿನ ಹಿಂದೆ ಎದ್ದು ಬರುತ್ತದೆ. ಹೋಟೆಲಿನವರು ನೀರೆರಚಿ ಕಡ್ಡಿ ಪೊರಕೆಯಲ್ಲಿ ಗುಡಿಸುವುದು ಆ ಕಾವನ್ನು ಇಳಿಸಲಿಕ್ಕೆ.

ದೋಸೆ ಕಾವಲಿಯಲ್ಲಿ ಚಪಾತಿ ಸುಡಬಾರದು ಎಂಬ ಮನೆಯ ಕಟ್ಟಳೆಯಲ್ಲೂ ಹುರುಳಿದೆ. ಉದುರಿದ ಒಣಹಿಟ್ಟು ಸೀದು ಮೈಗೆ ಅಂಟುತ್ತದೆ, ಎಣ್ಣೆಯಿಲ್ಲದ ಒಣ ಕಾವು ಪೊರೆಯನ್ನು ಸುಡುತ್ತದೆ. ರಾಗಿ ರೊಟ್ಟಿಯ ತೊಡಕು ಬೇರೆ. ತಣ್ಣನೆಯ ಬಾಣಲೆಗೆ ತಟ್ಟಿ ಬೇಯಿಸುವ ರೊಟ್ಟಿಗೆ ಬೀಡು ಆರುವ ತನಕ ಕಾಯಬೇಕು, ಕಾಯಲಾರದೆ ನಲ್ಲಿಯ ಕೆಳಗೆ ಹಿಡಿದರೆ ಬಿರುಕು ಬಿಡುತ್ತದೆ. ಎರಡು ಬಾಣಲೆ ಇಟ್ಟುಕೊಂಡು ಒಂದಾದ ಮೇಲೊಂದು ಬಳಸುವುದೇ ದಾರಿ. ಇಲ್ಲವಾದರೆ ಒದ್ದೆ ಬಟ್ಟೆಯ ಮೇಲೆ ತಟ್ಟಿ ಬಿಸಿ ಕಾವಲಿಗೆ ಹಾಕಿ.

ನಮ್ಮ ಜಿಲ್ಲೆಯ ಅಡುಗೆಗೆ ಇದರೊಂದಿಗೆ ಇರುವ ದೊಡ್ಡ ಜಗಳ ಹುಳಿಯದು. ಕೋಲಾರದ ಮಾರುಕಟ್ಟೆಯ ಟೊಮೆಟೊ ಇಲ್ಲದೆ, ಹುಣಸೆ ಇಲ್ಲದೆ ಯಾವ ಸಾರು ಆದೀತು? ಹುಳಿ ಪದಾರ್ಥ ಹೊತ್ತುಗಟ್ಟಲೆ ಕುದಿದರೆ ಆಮ್ಲ ಪೊರೆಯನ್ನು ತಿಂದು ಕಬ್ಬಿಣಕ್ಕೆ ಕೈ ಹಾಕುತ್ತದೆ. ಸಾರು ಕಪ್ಪಿಡುತ್ತದೆ, ನಾಲಿಗೆಗೆ ಲೋಹದ ರುಚಿ ಹತ್ತುತ್ತದೆ. ಒಗ್ಗರಣೆಗೆ ಟೊಮೆಟೊ ಬಾಡಿಸುವುದು ಚೆನ್ನಾಗಿ ಪಳಗಿದ ಬಾಣಲೆಗೆ ಲೆಕ್ಕವಲ್ಲ, ಕುದಿಸಿ ಅದರಲ್ಲೇ ರಾತ್ರಿಯಿಡುವುದು ಬೇಡ. ಇದೇ ಗುಣದ ಇನ್ನೊಂದು ಮುಖ, ಊಟಕ್ಕೆ ಸೇರುವ ಕಬ್ಬಿಣಾಂಶ. 1986ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಕಬ್ಬಿಣದ ಬಾಣಲೆಯಲ್ಲಿ ಬೇಯಿಸಿದ ಹುಳಿ, ನೀರುನೀರಾದ ಅಡುಗೆಗಳಲ್ಲೇ ಅದು ಹೆಚ್ಚು ಸೇರಿತ್ತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇಕಡಾ 47.8 ಮಂದಿಗೆ ರಕ್ತಹೀನತೆ ಇತ್ತು. ಹಾಗಾಗಿ ಈ ಮಾತು ಪೊಳ್ಳಲ್ಲ. ಆದರೆ ಕಾವಲಿ ಪಳಗಿದಷ್ಟೂ ಬಿಡುವ ಕಬ್ಬಿಣ ಕಡಿಮೆ, ಡಾಕ್ಟರು ಬರೆದ ಮಾತ್ರೆಗೆ ದೋಸೆ ಬದಲಿಯಾಗದು.

ತೊಳೆಯುವಾಗ ಸೋಪು ಮುಟ್ಟಿಸಬಾರದು ಎಂಬ ಹೆದರಿಕೆ ಹಳೆಯದು. ಸೋಡಾ ತುಂಬಿದ ಖಾರ ಸೋಪಿನ ಕಾಲಕ್ಕೆ ಅದು ಸರಿ. ಈಗಿನ ಪಾತ್ರೆ ತೊಳೆಯುವ ಲಿಕ್ವಿಡ್ ಒಂದೆರಡು ಹನಿ ಹಾಕಿದರೆ ಗಟ್ಟಿಯಾದ ಪೊರೆ ಕರಗುವುದಿಲ್ಲ. ಅದನ್ನು ಕೀಳುವುದು ಬೂದಿ, ತಿಕ್ಕುವ ಪುಡಿ, ಸ್ಟೀಲ್ ನಾರು, ಎಲ್ಲಕ್ಕಿಂತ ಹೆಚ್ಚಾಗಿ ಸಿಂಕಿನಲ್ಲಿ ನೀರು ತುಂಬಿಸಿ ಬಿಡುವ ಅಭ್ಯಾಸ. ತೊಳೆದೊಡನೆ ಒರೆಸಿ, ಒಲೆಯ ಮೇಲೆ ಎರಡು ನಿಮಿಷ ಆರಿಸಿ, ಎಣ್ಣೆ ಬಟ್ಟೆ ಆಡಿಸಿ ಇಡಿ. ಕರಾವಳಿಯವರಿಗಿಂತ ನಮ್ಮ ಒಣಹವೆಯಲ್ಲಿ ತುಕ್ಕಿನ ಕಾಟ ಕಡಿಮೆಯೇ.

ಆದರೂ ಅಟ್ಟದ ಮೇಲೆ ವರ್ಷಗಟ್ಟಲೆ ಬಿದ್ದು ಕೆಂಪಾಗಿರುವ ಹಳೇ ಕಾವಲಿ ಸಿಕ್ಕರೆ ಎಸೆಯಬೇಡಿ. ಹುಣಸೆ ನೀರಿನಲ್ಲಿ ಅರ್ಧ ಗಂಟೆ ಇಟ್ಟು ಸ್ಟೀಲ್ ನಾರಿನಿಂದ ತಿಕ್ಕಿ, ತೊಳೆದು ತಕ್ಷಣ ಒಲೆಗಿಟ್ಟು ಎಣ್ಣೆಯ ಕೆಲಸವನ್ನು ಮೊದಲಿಂದ ಮಾಡಿ. ಹಳೆಯವುಗಳ ಮೈ ಸವೆದು ನುಣ್ಣಗಾಗಿರುತ್ತದೆ, ಹೊಸದಕ್ಕಿಂತ ಬೇಗ ಪಳಗುತ್ತವೆ. ಹಳೆಯದನ್ನು ಕೊಳ್ಳುವುದಾದರೆ ಮುಂಚೆ ಬೆರಳ ಗೆಣ್ಣಿನಿಂದ ತಟ್ಟಿ ನೋಡಿ: ಗಂಟೆಯಂತೆ ದನಿ ಬಂದರೆ ಸರಿ, ಸೀಳು ದನಿ ಬಂದರೆ ಎಲ್ಲೋ ಬಿರುಕಿದೆ. ಅದು ಗುಜರಿಯ ತೂಕಕ್ಕೆ ಮಾತ್ರ.