ಸೊಂಟದ ಕತ್ತಿ, ಕೊಟ್ಟ ಮಾತು

ಆಯುಧಪೂಜೆ ಎಂಬ ಹೆಸರು ಇಂದು ಹೆಸರಾಗಿಯೇ ಉಳಿದಿದೆ. ನಾಗಲದಿನ್ನೆಯಿಂದ ಆದವಾನಿಯವರೆಗೆ, ಅಲ್ಲಿಂದ ಆಲೂರಿನವರೆಗೆ, ನಮ್ಮ ಸೀಮೆಯ ಕನ್ನಡ ಮನೆಗಳಲ್ಲಿ ಮಹಾನವಮಿಯ ದಿನ ಪೂಜೆಗೆ ಬರುವ ವಸ್ತುಗಳನ್ನು ಒಮ್ಮೆ ಎಣಿಸಿ ನೋಡಬೇಕು. ಕುಡುಗೋಲು, ಕೊಡಲಿ, ನೇಗಿಲು, ಕೂರಿಗೆ, ಅಡುಗೆಮನೆಯ ಈಳಿಗೆ, ನೇಕಾರರ ಮನೆಯಲ್ಲಿ ಮಗ್ಗ. ಈಚೆಗೆ ಟ್ರ್ಯಾಕ್ಟರು ಮತ್ತು ಮೋಟಾರು ಸೈಕಲ್ಲು. ಇವೆಲ್ಲವೂ ಹೊಟ್ಟೆಪಾಡಿನ ಸಲಕರಣೆಗಳು. ಯೋಧನು ಸೊಂಟದಲ್ಲಿ ಸಿಕ್ಕಿಸಿಕೊಳ್ಳುತ್ತಿದ್ದ ಕತ್ತಿ ಈ ಸಾಲಿನಲ್ಲಿ ಬಹುಮಟ್ಟಿಗೆ ಕಾಣುವುದಿಲ್ಲ.

ಹಾಗೆಂದು ಈ ನಾಡಿಗೆ ಆ ಕತ್ತಿಯ ಪರಿಚಯವಿರಲಿಲ್ಲವೆಂದು ಹೇಳಲಾಗದು. ಸುರಗಿ, ಬಾಕು, ಚೂರಿ, ಕಠಾರಿ, ಕಿರುಗತ್ತಿ ಎಂದು ಕನ್ನಡದಲ್ಲಿ ಅದಕ್ಕೆ ಹಲವು ಹೆಸರುಗಳಿವೆ. ಒಂದು ವಸ್ತುವಿಗೆ ಇಷ್ಟು ಹೆಸರುಗಳಿದ್ದರೆ ಅದು ಜನರ ಕೈಯಲ್ಲಿ ಬಹುಕಾಲ ಆಡಿದ್ದಿರಬೇಕು. ಆಯ್ದ ಯೋಧರು ಈ ಕಿರಿಯ ಆಯುಧವನ್ನು ಏಕೆ ಅಷ್ಟು ಮೆಚ್ಚಿದರು? ಅದು ನಮ್ಮ ಮನೆಗಳಿಂದ ಎಲ್ಲಿಗೆ ಹೋಯಿತು? ಈ ಎರಡು ಪ್ರಶ್ನೆಗಳನ್ನು ಕುರಿತು ಇಲ್ಲಿ ವಿಚಾರಿಸೋಣ.

ಜೋಳದ ಋಣ

ಈಟಿ, ಬಿಲ್ಲು, ಉದ್ದನೆಯ ಖಡ್ಗ ಇವು ರಣರಂಗದ ಆಯುಧಗಳು. ಯುದ್ಧ ಮುಗಿದೊಡನೆ ಅವುಗಳನ್ನು ಗೋಡೆಗೆ ಒರಗಿಸಬಹುದು. ಸೊಂಟದ ಕತ್ತಿ ಹಾಗಲ್ಲ. ಊಟದಲ್ಲಿಯೂ ನಿದ್ರೆಯಲ್ಲಿಯೂ ಅದು ಮೈಗೆ ಅಂಟಿಕೊಂಡಿರುತ್ತದೆ. ಬಿಲ್ಲು ಮುರಿದು, ಖಡ್ಗ ಕೈಜಾರಿ, ಶತ್ರು ಎದೆಗೆ ಎದೆಯಾಗಿ ನಿಂತಾಗ ಉಳಿಯುವುದು ಅದೊಂದೇ. ಕಡೆಯ ಗಳಿಗೆಯ ಸಂಗಾತಿಯಾದ ಕಾರಣವೇ ಅದು ನಂಬಿಕೆಯ ಗುರುತಾಯಿತು.

ಈ ಮಾತಿಗೆ ಅತ್ಯಂತ ತೀಕ್ಷ್ಣವಾದ ನಿದರ್ಶನ ಹಳೇಬೀಡಿನಲ್ಲಿದೆ. ಹೊಯ್ಸಳೇಶ್ವರ ದೇವಾಲಯದ ಆವರಣದಲ್ಲಿ ಒಂದು ಕಂಬವಿದೆ. ಅದು ಕುವರ ಲಕ್ಷ್ಮನೆಂಬ ದಂಡನಾಯಕನ ಸ್ಮಾರಕ. ಇಮ್ಮಡಿ ವೀರಬಲ್ಲಾಳನ ಅಂಗರಕ್ಷಕನಾಗಿದ್ದ ಇವನು ಕ್ರಿ.ಶ. 1220ರ ಸುಮಾರಿನಲ್ಲಿ ಅರಸನು ತೀರಿಕೊಂಡಾಗ, ಪತ್ನಿ ಸುಗ್ಗಲದೇವಿ ಮತ್ತು ಸಾವಿರ ಮಂದಿ ವೀರರೊಡನೆ ಪ್ರಾಣವನ್ನು ಒಪ್ಪಿಸಿದನೆಂದು ಅಲ್ಲಿಯ ಕನ್ನಡ ಶಾಸನ ತಿಳಿಸುತ್ತದೆ. ಕಂಬದ ಮೇಲಿನ ಶಿಲ್ಪಗಳಲ್ಲಿ ವೀರರು ಕತ್ತಿ ಹಿಡಿದು ತಮ್ಮ ಅಂಗಗಳನ್ನೂ ಶಿರಸ್ಸನ್ನೂ ತಾವೇ ಕತ್ತರಿಸಿಕೊಳ್ಳುತ್ತಿದ್ದಾರೆ. ಇಂಥವರನ್ನು ಗರುಡರೆಂದು ಕರೆದರು. ಒಡೆಯನ ಬಳಿಕ ಬದುಕಲಾರೆವೆಂದು ಪ್ರತಿಜ್ಞೆಗೈದ ಆಯ್ದ ಪಡೆ ಅದು.

ಆ ಕಾಲದ ಇಂಥ ನಿಷ್ಠೆಗೆ ವೇಳೆವಾಳಿ, ಜೋಳವಾಳಿ ಎಂಬ ಮಾತುಗಳಿವೆ. ಜೋಳವಾಳಿ ಎಂದರೆ ತಿಂದ ಜೋಳದ ಋಣ. ಜೋಳದ ರೊಟ್ಟಿಯನ್ನುಂಡು ಬೆಳೆದ ನಮ್ಮ ಸೀಮೆಯ ಜನಕ್ಕೆ ಈ ಶಬ್ದವನ್ನು ಬಿಡಿಸಿ ಹೇಳಬೇಕಾಗಿಲ್ಲ. ಗರುಡರ ಮರಣವನ್ನು ಇಂದಿನ ಮನಸ್ಸು ಒಪ್ಪಲಾರದು, ಒಪ್ಪಬೇಕಾಗಿಯೂ ಇಲ್ಲ. ಒಬ್ಬ ಅರಸನ ಸಾವಿಗೆ ಸಾವಿರ ಮನೆಗಳ ದೀಪ ನಂದಿಸುವ ಧರ್ಮ ಕ್ರೂರವಾದುದೇ ಸರಿ. ಆದರೆ ಆ ಕಂಬದ ಮುಂದೆ ನಿಂತವರಿಗೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಅಲ್ಲಿ ಕತ್ತಿಯ ಅಲಗು ಶತ್ರುವಿನ ಕಡೆಗೆ ತಿರುಗಿಲ್ಲ. ಅದು ಆಡಿದ ಮಾತಿಗೆ ಸಾಕ್ಷಿಯಾಗಿ ಆಡಿದವನ ಕಡೆಗೇ ತಿರುಗಿದೆ.

ವರಾಹದ ಮುಂದಿನ ಕಠಾರಿ

ವಿಜಯನಗರದ ಅರಸರು ತಮ್ಮ ರಾಜಲಾಂಛನದಲ್ಲಿ ವರಾಹ, ಸೂರ್ಯ, ಚಂದ್ರರ ಜೊತೆಗೆ ಒಂದು ಕಠಾರಿಯನ್ನೂ ಇರಿಸಿಕೊಂಡರು. ಉದ್ದನೆಯ ಖಡ್ಗವನ್ನು ಬಿಟ್ಟು ಗೇಣುದ್ದದ ಆಯುಧಕ್ಕೆ ಆ ಮರ್ಯಾದೆ ಸಂದಿತು. ಸಾಳುವ ನರಸಿಂಹನ ಬಿರುದುಗಳಲ್ಲಿ ‘ಕಠಾರಿ ಸಾಳುವ’ ಎಂಬುದೂ ಒಂದು. ಆ ಲಾಂಛನದ ಅಧಿಕಾರ ನಮ್ಮ ಆದವಾನಿಯ ದುರ್ಗದ ಮೇಲೆಯೂ ನಡೆಯಿತು. 1565ರ ರಕ್ಕಸತಂಗಡಿಯ ಯುದ್ಧ ನಡೆದು ಕೆಲವು ವರ್ಷಗಳಲ್ಲಿ ಆ ದುರ್ಗ ಬಿಜಾಪುರದ ಆದಿಲಶಾಹಿಗಳ ವಶವಾಯಿತು.

ಕಠಾರಿಯ ರಚನೆ ಮಿಕ್ಕ ಚೂರಿಗಳಂತಲ್ಲ. ಅದಕ್ಕೆ ಎರಡು ಸಮಾನಾಂತರ ಪಟ್ಟಿಗಳಿದ್ದು ಅವುಗಳ ನಡುವೆ ಅಡ್ಡ ಹಿಡಿ ಇರುತ್ತದೆ. ಮುಷ್ಟಿ ಬಿಗಿದು ಹಿಡಿದರೆ ಅಲಗು ತೋಳಿನ ಮುಂದುವರಿಕೆಯೆಂಬಂತೆ ನೇರವಾಗಿ ಚಾಚಿ ನಿಲ್ಲುತ್ತದೆ. ಇರಿತಕ್ಕೆ ಮಣಿಕಟ್ಟಿನ ಬಲದ ಜೊತೆಗೆ ಇಡೀ ತೋಳಿನ ಬಲ ಒದಗುತ್ತದೆ. ದಕ್ಷಿಣದ ಕಠಾರಿಗಳಲ್ಲಿ ಕೆಲವಕ್ಕೆ ಕೈಯ ಹಿಂಬದಿಯನ್ನು ಕಾಯಲು ಎಲೆಯಂತೆ ಹರಡಿದ ಲೋಹದ ಕವಚವೂ ಇರುತ್ತಿತ್ತು.

1520ರ ಸುಮಾರಿನಲ್ಲಿ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು ಕೃಷ್ಣದೇವರಾಯನ ರಾಜಧಾನಿಯಲ್ಲಿ ಮಹಾನವಮಿಯನ್ನು ಕಂಡನು. ಉತ್ಸವದ ತರುವಾಯ ನಡೆದ ಸೈನ್ಯದ ಪರಿಶೀಲನೆಯನ್ನೂ ಬರೆದಿಟ್ಟನು. ಬಿಲ್ಲುಗಾರರ ಬಿಲ್ಲುಗಳಿಗೆ ಚಿನ್ನಬೆಳ್ಳಿಯ ತಗಡುಗಳಿದ್ದುವು. ಅವರ ಸೊಂಟಗಳಲ್ಲಿ ಬಾಕುಗಳೂ ಯುದ್ಧದ ಕೊಡಲಿಗಳೂ ಇದ್ದುವು ಎಂದು ಅವನು ವರ್ಣಿಸುತ್ತಾನೆ. ದೂರದಿಂದ ಬಾಣ ಬಿಡುವವನಿಗೂ ಸೊಂಟದ ಕತ್ತಿ ಬೇಕಾಗಿತ್ತು ಎಂಬುದು ಗಮನಾರ್ಹ. ನಮ್ಮ ಮನೆಗಳ ಇಂದಿನ ಪೂಜೆಗೂ ಆ ಮಹಾನವಮಿಗೂ ಇರುವ ಸಂಬಂಧ ಹಳೆಯದು. ಅಂದು ನಿಜವಾದ ಆಯುಧಗಳಿದ್ದ ಸ್ಥಾನದಲ್ಲಿ ಇಂದು ಕೂರಿಗೆಯಿದೆ, ಅಷ್ಟೇ.

ಕೊಡಗಿನ ಎರಡು ಕತ್ತಿಗಳು

ಕನ್ನಡ ನಾಡಿನಲ್ಲಿ ಯೋಧನ ಕತ್ತಿ ಇಂದಿಗೂ ಸೊಂಟದಿಂದ ಇಳಿಯದೆ ಉಳಿದಿರುವ ಸ್ಥಳವೆಂದರೆ ಕೊಡಗು. ಕೊಡವ ಪುರುಷರು ಮದುವೆ ಮತ್ತು ಹಬ್ಬಗಳಲ್ಲಿ ಕುಪ್ಯವೆಂಬ ನಿಲುವಂಗಿ ತೊಟ್ಟು, ಸೊಂಟಕ್ಕೆ ಚೇಲೆಯೆಂಬ ಕೆಂಪು ರೇಷ್ಮೆಯ ದಟ್ಟಿ ಸುತ್ತುತ್ತಾರೆ. ಅದರ ಮುಂಭಾಗದಲ್ಲಿ ಸಿಕ್ಕಿಸುವುದು ಪೀಚೆಕತ್ತಿ. ಅದರ ಹಿಡಿಗೂ ಒರೆಗೂ ಬೆಳ್ಳಿಯ ಕೆಲಸ, ಉಳ್ಳವರ ಮನೆಯಲ್ಲಿ ಚಿನ್ನದ ಕೆಲಸ. ಜೊತೆಗೆ ತೂಗಾಡುವ ಬೆಳ್ಳಿಯ ಸರಪಳಿ. ಬಂಗಾರದ ಚೂರಿಯೆಂದು ಹೊಟ್ಟೆಗೆ ಚುಚ್ಚಿಕೊಳ್ಳುತ್ತಾರೆಯೇ ಎಂಬ ಗಾದೆ ನಮ್ಮಲ್ಲಿದೆ. ಪೀಚೆಕತ್ತಿಯಾದರೋ ಚುಚ್ಚುವ ಕಾಲವನ್ನು ದಾಟಿ ಆಭರಣವಾಗಿ ನಿಂತ ಚೂರಿ.

ಇನ್ನೊಂದು ಒಡಿಕತ್ತಿ. ಇದು ಅಲಂಕಾರಕ್ಕೆ ಹುಟ್ಟಿದ್ದಲ್ಲ. ಅಗಲವಾದ, ತೂಕದ, ಮುಂದಕ್ಕೆ ಬಾಗಿದ ಅಲಗು. ಹರಿತವಿರುವುದು ಬಾಗಿನ ಒಳಬದಿಯಲ್ಲಿ. ಇದಕ್ಕೆ ಒರೆಯಿಲ್ಲ. ಬೆನ್ನ ಹಿಂದೆ ನಡುವಿಗೆ ಕಟ್ಟಿದ ತೊಡಂಗ್ ಎಂಬ ಲೋಹದ ಹಿಡಿಕೆಯಲ್ಲಿ ಅದನ್ನು ತೂರಿಸಿ, ಬಾಯಿ ಮೇಲ್ಮುಖವಾಗುವಂತೆ ಧರಿಸುತ್ತಾರೆ. ಕೈ ಹಿಂದಕ್ಕೆ ಹೋದೊಡನೆ ಹಿಡಿ ಸಿಕ್ಕಿ, ಎಳೆದ ಚಲನೆಯೇ ಹೊಡೆತವಾಗಿ ಇಳಿಯುತ್ತದೆ. ಮುಂಭಾಗದಲ್ಲಿ ತೂಕವಿರುವುದರಿಂದ ಕಡಿತಕ್ಕೆ ಬಲ ಹೆಚ್ಚು. ದಟ್ಟವಾದ ಕಾಡಿನಲ್ಲಿ ದಾರಿ ಮಾಡಿಕೊಂಡು ಹೋಗಬೇಕಾದವನಿಗೆ ಇದಕ್ಕಿಂತ ಒದಗುವ ಸಲಕರಣೆ ಇರಲಾರದು. ಕೊಡವರ ಮದುವೆಯಲ್ಲಿ ಬಾಳೆಯ ಕಾಂಡಗಳನ್ನು ಇದೇ ಕತ್ತಿಯಿಂದ ಒಂದೊಂದೇ ಏಟಿಗೆ ಕಡಿಯುವ ಸಂಪ್ರದಾಯವಿದೆ.

ಸೆಪ್ಟೆಂಬರ್ ತಿಂಗಳ ಆರಂಭದಲ್ಲಿ ಬರುವ ಕೈಲ್‌ಪೊಳ್ದ್ ಇವರ ಆಯುಧಪೂಜೆ. ಗದ್ದೆಯ ನಾಟಿ ಮುಗಿದ ಬಳಿಕ, ಅಲ್ಲಿಯವರೆಗೆ ದೇವರ ಕೋಣೆಯಲ್ಲಿ ಇಟ್ಟಿದ್ದ ಕೋವಿ ಕತ್ತಿಗಳನ್ನು ಹೊರತೆಗೆದು, ತೋಕ್‌ಪೂ ಎಂಬ ಹೂವಿನಿಂದ ಸಿಂಗರಿಸಿ ಪೂಜಿಸುತ್ತಾರೆ. ಕೆಂಪು ಹಳದಿಯ ಜ್ವಾಲೆಯಂತೆ ಅರಳುವ ಆ ಹೂವಿಗೆ ಸಂಸ್ಕೃತದಲ್ಲಿ ಅಗ್ನಿಶಿಖೆ ಎಂದು ಹೆಸರು. ಬೇಸಾಯದ ದಿನಗಳಲ್ಲಿ ಆಯುಧಕ್ಕೆ ವಿಶ್ರಾಂತಿ, ಬೇಸಾಯ ಮುಗಿದಾಗ ಅದಕ್ಕೆ ಮರ್ಯಾದೆ. ಜನರಲ್ ತಿಮ್ಮಯ್ಯನವರೂ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರೂ ಈ ಪರಂಪರೆಯ ಮನೆಗಳಿಂದಲೇ ಬಂದವರು.

ದೂರದ ನೇಪಾಳದ ಗೂರ್ಖಾ ಯೋಧರ ಖುಕ್ರಿ ಒಡಿಕತ್ತಿಯ ಸೋದರನಂತೆ ತೋರುತ್ತದೆ. ಅದರದೂ ಮುಂದಕ್ಕೆ ಬಾಗಿದ, ಒಳಬದಿಯಲ್ಲಿ ಹರಿತವಾದ ಅಲಗು. ಗೂರ್ಖಾ ರೈತನು ಸೌದೆ ಸೀಳುವುದೂ ದಸರೆಯಲ್ಲಿ ಆಡು ಕಡಿಯುವುದೂ ಅದರಿಂದಲೇ. ಒರೆಯ ಬದಿಯಲ್ಲಿ ಎರಡು ಪುಟ್ಟ ಸಾಧನಗಳಿರುತ್ತವೆ. ಒಂದು ಸಣ್ಣ ಕೆಲಸಗಳಿಗೆ, ಇನ್ನೊಂದು ಅಲಗನ್ನು ಮಸೆಯುವುದಕ್ಕೆ ಮತ್ತು ಕಿಡಿ ಹೊಡೆಯುವುದಕ್ಕೆ. 1814ರಿಂದ 1816ರವರೆಗೆ ನಡೆದ ಯುದ್ಧದಲ್ಲಿ ಇಂಗ್ಲಿಷರು ಅದರ ರುಚಿ ಕಂಡು, ಅದನ್ನು ಹಿಡಿದವರನ್ನೇ ತಮ್ಮ ಸೈನ್ಯಕ್ಕೆ ಸೇರಿಸಿಕೊಂಡರು. ಬೆಟ್ಟಗಾಡಿನ ಇಬ್ಬರು ಯೋಧರೂ ತಮ್ಮ ಮೆಚ್ಚಿನ ಕತ್ತಿಯನ್ನು ಮನೆಯ ಅಂಗಳದಿಂದಲೇ ರಣರಂಗಕ್ಕೆ ಒಯ್ದರು. ಬಾಲ್ಯದಿಂದ ಕೈಗೆ ಒಗ್ಗಿದ ಹಿಡಿ ಆಪತ್ತಿನಲ್ಲಿ ಮೋಸ ಮಾಡುವುದಿಲ್ಲ.

ಕಸಿದ ಕೈ, ಬಿಟ್ಟ ಕೈ

ಕೊಡಗಿನಲ್ಲಿ ಉಳಿದುದು ನಮ್ಮಲ್ಲಿ ಏಕೆ ಉಳಿಯಲಿಲ್ಲ? ಇದಕ್ಕೆ ಉತ್ತರ ಇತಿಹಾಸದಲ್ಲಿದೆ. 1800ರಲ್ಲಿ ನಿಜಾಮನು ಬಳ್ಳಾರಿ, ಆದವಾನಿ ಮೊದಲಾದ ಪ್ರದೇಶಗಳನ್ನು ಕಂಪೆನಿ ಸರಕಾರಕ್ಕೆ ಬಿಟ್ಟುಕೊಟ್ಟನು. ದತ್ತಮಂಡಲವೆಂದು ಹೆಸರಾದ ಈ ಸೀಮೆಗೆ ಥಾಮಸ್ ಮನ್ರೋ ಮುಖ್ಯ ಕಲೆಕ್ಟರನಾಗಿ ಬಂದನು. 1807ರವರೆಗೆ ಇಲ್ಲಿದ್ದು, ಸುಮಾರು 80 ಮಂದಿ ಪಾಳೆಯಗಾರರ ಬಲವನ್ನು ಮುರಿದನು. ಪಾಳೆಯಗಾರರ ಕೈಕೆಳಗೆ ಕಟ್ಟುಬಡಿಗಳೆಂಬ ಬಂಟರಿದ್ದರು. ಹೊಲವನ್ನು ಉಳುತ್ತ, ಕರೆ ಬಂದಾಗ ಆಯುಧ ಹಿಡಿಯುವುದು ಅವರ ಕಾಯಕ. ಪಾಳೆಯಪಟ್ಟುಗಳು ಅಡಗಿದ ಮೇಲೆ ಅವರಿಗೆ ಉಳಿದುದು ಹೊಲವೊಂದೇ. ಕರೆಯುವವರಿಲ್ಲದ ಮನೆಯಲ್ಲಿ ಕಠಾರಿಗೆ ಕೆಲಸವಿರಲಿಲ್ಲ, ಕುಡುಗೋಲಿಗೆ ಇತ್ತು. ರೈತರ ಆದರವನ್ನು ಗಳಿಸಿದ್ದ ಮನ್ರೋ 1827ರಲ್ಲಿ ನಮ್ಮ ಸಮೀಪದ ಪತ್ತಿಕೊಂಡದಲ್ಲಿಯೇ ಕಾಲರಾದಿಂದ ತೀರಿಕೊಂಡನು.

1857ರಲ್ಲಿ ಸರಕಾರ ಪ್ರಜೆಗಳ ಆಯುಧಗಳನ್ನು ಹತೋಟಿಗೆ ತರುವ ಕಾಯಿದೆಯನ್ನು ಹೊರಡಿಸಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಅದಕ್ಕೆ ತಲೆಬಾಗಲಿಲ್ಲ. ಬೇಟೆ, ಕಾವಲು, ಸೈನ್ಯಸೇವೆ ಇವುಗಳಿಂದ ಬದುಕಿದವರಿಗೆ ಆಯುಧವನ್ನು ಒಪ್ಪಿಸುವುದೂ ಕೈಯನ್ನು ಒಪ್ಪಿಸುವುದೂ ಒಂದೇ ಆಗಿತ್ತು. ಆ ವರ್ಷದ ನವೆಂಬರಿನಲ್ಲಿ ಸೈನ್ಯ ಊರನ್ನು ಮುತ್ತಿ ಬೆಂಕಿಯಿಟ್ಟಿತು. ಡಿಸೆಂಬರಿನಲ್ಲಿ 19 ಮಂದಿಯನ್ನು ಗಲ್ಲಿಗೇರಿಸಿದರು. ಜಡಗ, ಬಾಳ ಮೊದಲಾದವರ ಹೆಸರು ಲಾವಣಿಯಲ್ಲಿ ಉಳಿಯಿತು. ಅದನ್ನು ಬರೆಯಿಸಿಕೊಂಡು 1885ರಲ್ಲಿ ಪ್ರಕಟಿಸಿದವನು ಜೆ. ಎಫ್. ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿಯೇ.

ಇದಾದ ನಾಲ್ಕು ವರ್ಷಗಳೊಳಗೆ, 1861ರಲ್ಲಿ, ಮಾರ್ಕ್ ಕಬ್ಬನ್ನನ ಆಡಳಿತ ಕೊಡವರಿಗೆ ಇಂಥ ಕಾಯಿದೆಯಿಂದ ವಿನಾಯಿತಿ ನೀಡಿತು. ಕೊಡವರ ನಿಷ್ಠೆಗೆ ಅದು ಬಹುಮಾನ. ಒಂದೇ ಭಾಷೆಯ ನೆರಳಿನಲ್ಲಿದ್ದ ಎರಡು ಯೋಧಸಮುದಾಯಗಳಲ್ಲಿ ಒಂದರ ಕೈಯಿಂದ ಆಯುಧ ಕಸಿಯಲ್ಪಟ್ಟಿತು, ಇನ್ನೊಂದರ ಕೈಯಲ್ಲಿ ಉಳಿಯಿತು. ಆಳುವವರಿಗೆ ಯಾರ ಮೇಲೆ ವಿಶ್ವಾಸವೆಂಬುದೇ ಇದನ್ನು ನಿರ್ಣಯಿಸಿತು. ಯಾರ ಶೌರ್ಯ ಹೆಚ್ಚೆಂಬ ಪ್ರಶ್ನೆ ಅಲ್ಲಿ ಏಳಲೇ ಇಲ್ಲ. ಕೊಡವರ ಮತ್ತು ಜಮ್ಮಾ ಭೂಮಿಯವರ ಆ ವಿನಾಯಿತಿಯನ್ನು ಕೇಂದ್ರ ಸರಕಾರ 2019ರಲ್ಲಿ ಇನ್ನೂ ಹತ್ತು ವರ್ಷ ಮುಂದುವರಿಸಿತು. ಕರ್ನಾಟಕ ಉಚ್ಚ ನ್ಯಾಯಾಲಯ 2021ರಲ್ಲಿ ಅದನ್ನು ಎತ್ತಿಹಿಡಿಯಿತು.

ಸ್ವತಂತ್ರ ಭಾರತದ 1959ರ ಆಯುಧ ಕಾಯಿದೆಯಲ್ಲಿಯೂ ಒಂದು ಸ್ವಾರಸ್ಯವಿದೆ. ಕೇವಲ ಮನೆಗೆಲಸಕ್ಕೂ ಬೇಸಾಯಕ್ಕೂ ಮಾಡಿದ ವಸ್ತುಗಳನ್ನು ಅದು ಆಯುಧದ ಲೆಕ್ಕದಿಂದ ಹೊರಗಿಟ್ಟಿದೆ. ನಮ್ಮ ಆಯುಧಪೂಜೆಯಲ್ಲಿ ಇರುವುದೆಲ್ಲ ಹೀಗೆ ಕಾಯಿದೆಯ ಕಣ್ಣಿಗೆ ಆಯುಧವಲ್ಲದ ವಸ್ತುಗಳೇ.

ಬಟ್ಟೆಯ ಮೇಲೇರಿದ ಬಾಕು

ಬಂದೂಕು ಬಾಂಬುಗಳ ಕಾಲದಲ್ಲಿ ಕತ್ತಿಗೆ ಏನು ಕೆಲಸವೆಂದು ಕೇಳಬಹುದು. ಎರಡನೆಯ ಮಹಾಯುದ್ಧದ ಆರಂಭದಲ್ಲಿ ಬ್ರಿಟಿಷರು ಕಮಾಂಡೋ ಪಡೆಗಳನ್ನು ಕಟ್ಟಿದಾಗ, ಶಾಂಘಾಯಿಯ ಪೊಲೀಸ್ ದಳದಲ್ಲಿ ಪಳಗಿದ್ದ ಫೇರ್‌ಬೇರ್ನ್ ಮತ್ತು ಸೈಕ್ಸ್ ಎಂಬಿಬ್ಬರು ಅವರಿಗಾಗಿ ಒಂದು ಬಾಕನ್ನು ರೂಪಿಸಿದರು. ವಿಲ್ಕಿನ್ಸನ್ ಸ್ವೋರ್ಡ್ ಕಂಪೆನಿ ಅದನ್ನು ತಯಾರಿಸಿತು. ತೆಳುವಾದ, ಎರಡು ಬದಿಯಲ್ಲಿಯೂ ಹರಿತವಾದ, ಚೂಪಾದ ಆ ಅಲಗು ಸದ್ದಿಲ್ಲದೆ ಇರಿಯುವುದಕ್ಕೆಂದೇ ಹುಟ್ಟಿದ್ದು. ಆದರೆ ಶಿಬಿರದಲ್ಲಿ ಸಿಪಾಯಿಗೆ ಬೇಕಾದುದು ಡಬ್ಬಿ ತೆರೆಯುವ, ಪೆಟ್ಟಿಗೆ ಮೀಟುವ ಕತ್ತಿ. ಅಂಥ ಕೆಲಸಕ್ಕೆ ಬಳಸಿದಾಗ ಆ ಬಾಕಿನ ತುದಿಯೇ ಮುರಿಯುತ್ತಿತ್ತು. ಒಡಿಕತ್ತಿ, ಖುಕ್ರಿಗಳು ಬಲ್ಲ ಗೃಹಕೃತ್ಯ ಅದಕ್ಕೆ ಬಾರದು.

ಹಾಗಿದ್ದರೂ ಲಾಂಛನವಾಗಿ ಅದು ಜಗತ್ತನ್ನೇ ಸುತ್ತಿತು. ಬೆಳಗಾವಿಯಲ್ಲಿ ನಮ್ಮ ಸೈನ್ಯದ ಕಠಿಣವಾದ ಕಮಾಂಡೋ ಶಿಕ್ಷಣ ನಡೆಯುತ್ತದೆ. ಅದರಲ್ಲಿ ತೇರ್ಗಡೆಯಾದವರು ಧರಿಸುವ ಗುರುತಿನಲ್ಲಿರುವುದು ಬಾಕು. ಬೆಂಗಳೂರಿನಲ್ಲಿ ತರಬೇತಿ ಕೇಂದ್ರವಿರುವ ಪ್ಯಾರಾಶೂಟ್ ರೆಜಿಮೆಂಟಿನ ವಿಶೇಷ ಪಡೆಯವರ ಬೆಳ್ಳಿಯ ಗುರುತಿನಲ್ಲಿಯೂ ರೆಕ್ಕೆಗಳ ನಡುವೆ ನಿಂತ ಬಾಕಿದೆ. ಅದರ ಮೇಲೆ ‘ಬಲಿದಾನ’ ಎಂಬ ಒಂದೇ ಶಬ್ದವಿದೆ. 2019ರ ವಿಶ್ವಕಪ್ ಕ್ರಿಕೆಟ್ಟಿನಲ್ಲಿ ಧೋನಿಯವರ ಕೈಗವಸಿನ ಮೇಲೆ ಅದು ಕಾಣಿಸಿ ಚರ್ಚೆಯೆದ್ದುದು ಅನೇಕರಿಗೆ ನೆನಪಿರಬಹುದು. ಪರೀಕ್ಷೆಯಲ್ಲಿ ಬೆಂದು ಗಳಿಸಿದವನ ಹೊರತು ಇನ್ನೊಬ್ಬರು ಧರಿಸಬಾರದೆಂಬ ನಿಯಮ ಆ ಗುರುತಿಗೆ ಗೌರವ ತಂದಿದೆ. ಹಳೇಬೀಡಿನ ಗರುಡರಿಗೂ ಈ ಯೋಧರಿಗೂ ನಡುವೆ ಎಂಟುನೂರು ವರ್ಷಗಳ ಅಂತರ. ಅಂದಿನ ಪ್ರತಿಜ್ಞೆ ಅರಸನ ದೇಹಕ್ಕೆ, ಇಂದಿನದು ದೇಶಕ್ಕೆ. ಪ್ರತಿಜ್ಞೆಯ ಚಿಹ್ನೆ ಮಾತ್ರ ಬದಲಾಗಿಲ್ಲ.

ಮನೆಯ ಹಿರಿಯರಲ್ಲಿ ಒಂದು ಮಾತು

1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಬಳ್ಳಾರಿಯಿಂದ ಬೇರೆಯಾಗಿ ಆಂಧ್ರಕ್ಕೆ ಸೇರಿದುವು. ಅಂದಿನಿಂದ ನಮ್ಮ ಮಕ್ಕಳಲ್ಲಿ ಬಹುಮಂದಿ ತೆಲುಗಿನಲ್ಲಿ ಓದಿದ್ದಾರೆ; ಅದು ತಪ್ಪೂ ಅಲ್ಲ, ನಷ್ಟವೂ ಅಲ್ಲ. ಆದರೆ ವಸ್ತುವೊಂದು ಕೈಬಿಟ್ಟರೆ ಅದರ ಹೆಸರು ಒಂದು ತಲೆಮಾರಿನಲ್ಲಿ ನಾಲಿಗೆಯನ್ನೂ ಬಿಡುತ್ತದೆ. ಹರಿತ ಹೋದ ಅಲಗನ್ನು ಮತ್ತೆ ಮಸೆಯಬಹುದು. ಮರೆತ ಹೆಸರಿಗೆ ಸಾಣೆಕಲ್ಲಿಲ್ಲ.

ಆದುದರಿಂದ ಅಟ್ಟದ ಮೇಲೆ, ಹಗೇವಿನ ಮೂಲೆಯಲ್ಲಿ, ದೇವರ ಪೆಟ್ಟಿಗೆಯಲ್ಲಿ ತುಕ್ಕು ತಿಂದ ಹಳೆಯ ಅಲಗೊಂದು ಸಿಕ್ಕಿದರೆ ಅದನ್ನು ಗುಜರಿಯವನ ತಕ್ಕಡಿಗೆ ಹಾಕುವ ಮುನ್ನ ಮನೆಯ ಅಜ್ಜನನ್ನೋ ಅಜ್ಜಿಯನ್ನೋ ಕೇಳಿ ನೋಡಬೇಕು. ಇದಕ್ಕೆ ಹೆಸರೇನು, ಯಾರು ಸಿಕ್ಕಿಸಿಕೊಳ್ಳುತ್ತಿದ್ದರು, ಯಾವ ಕೆಲಸಕ್ಕೆ ತೆಗೆಯುತ್ತಿದ್ದರು ಎಂದು ವಿಚಾರಿಸಿ, ಉತ್ತರವನ್ನು ಒಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆದು ಅದರೊಡನೆ ಕಟ್ಟಿಡಬೇಕು. ಯುದ್ಧಕ್ಕೆಂದು ಅದನ್ನು ಮತ್ತೆ ಮಸೆಯುವ ಅಗತ್ಯ ಯಾರಿಗೂ ಬಾರದಿರಲಿ. ಮುಂದಿನ ಮಹಾನವಮಿಯಲ್ಲಿ ಕೂರಿಗೆಯ ಪಕ್ಕದಲ್ಲಿ ಅದಕ್ಕೂ ಒಂದಿಷ್ಟು ಕುಂಕುಮ ಸಲ್ಲಲಿ.