ಚೌಕದ ಅಂಚು ಅಳಿಸುವ ಗಣಿತಕ್ಕೆ ಪೇಟೆಂಟ್ ಕೊಡಬಹುದೇ?

ತಿರುಪ್ಪೂರಿನ ಹೆಣಿಗೆ ಬಟ್ಟೆಯನ್ನು ವಿಡಿಯೊದಲ್ಲಿ ಇದ್ದದ್ದು ಇದ್ದ ಹಾಗೆ ತೋರಿಸುವುದು ಸುಲಭವಲ್ಲ. ಬನಿಯನ್ ಬಟ್ಟೆಯನ್ನು ಹತ್ತಿರದಿಂದ ನೋಡಿ: ಒಂದರೊಳಗೊಂದು ಸಿಕ್ಕಿಕೊಂಡ ಸಾವಿರಾರು ಸಣ್ಣ ಕುಣಿಕೆಗಳು, ಅವುಗಳ ನಡುವೆ ಕೂದಲೆಳೆಯಷ್ಟು ನೆರಳು. ಕ್ಯಾಮೆರಾ ಅದನ್ನು ಚೆನ್ನಾಗಿಯೇ ಹಿಡಿಯುತ್ತದೆ. ಆದರೆ ಆ ಚಿತ್ರ ಯುರೋಪಿನ ಖರೀದಿದಾರನ ಪರದೆ ಮುಟ್ಟಬೇಕಾದರೆ ಮೊದಲು ನೂರಾರು ಪಟ್ಟು ಕುಗ್ಗಬೇಕು. ಕುಗ್ಗುವಾಗ ಮೊದಲು ಹೋಗುವುದು ಆ ನವಿರೇ. ನೆಟ್‌ವರ್ಕ್ ಸೊರಗಿದರೆ ಬಟ್ಟೆ ಚೌಕ ಚೌಕವಾಗಿ ಒಡೆದು ಕಾಣುತ್ತದೆ. ಕೆಲವೊಮ್ಮೆ ಚೌಕಗಳಿಲ್ಲದಿದ್ದರೂ ಕುಣಿಕೆಗಳೇ ಮಾಯವಾಗಿ ಬಟ್ಟೆ ನುಣ್ಣಗಾಗಿರುತ್ತದೆ.

ಎರಡಕ್ಕೂ ಕಾರಣ ಗಣಿತ. ಚೌಕವನ್ನು ತಂದ ಗಣಿತವನ್ನು ಕಂಡುಹಿಡಿದವರು ಅದಕ್ಕೆ ಪೇಟೆಂಟ್ ಪಡೆಯಲಿಲ್ಲ. ಆ ಚೌಕದ ಅಂಚನ್ನು ಅಳಿಸುವ ಗಣಿತದ ಮೇಲೆ ಮಾತ್ರ ಜಗತ್ತಿನಾದ್ಯಂತ ಪೇಟೆಂಟ್‌ಗಳು ಬೆಳೆದು ನಿಂತಿವೆ. ಭಾರತದಲ್ಲಿ ಅಂಥ ಅರ್ಜಿ ಬಂದಾಗ ಪರಿಶೀಲಕರ ಮುಂದೆ ನಿಲ್ಲುವ ಪ್ರಶ್ನೆ ಒಂದೇ: ಇದು ಆವಿಷ್ಕಾರವೋ, ಬರೀ ಲೆಕ್ಕವೋ?

ಕಥೆಯ ಮೊದಲ ತುದಿ ಬೆಂಗಳೂರಿನಲ್ಲಿದೆ. 1940ರಲ್ಲಿ ಇಲ್ಲಿ ಹುಟ್ಟಿ, ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ, 1961ರಲ್ಲಿ ಪದವಿ ಪಡೆದು ಅಮೆರಿಕಕ್ಕೆ ಹೋದವರು ನಾಸಿರ್ ಅಹ್ಮದ್. ಕ್ಯಾನ್ಸಾಸ್ ಸ್ಟೇಟ್ ಯೂನಿವರ್ಸಿಟಿಯಲ್ಲಿ ಪಾಠ ಮಾಡುತ್ತಿದ್ದಾಗ, 1972ರಲ್ಲಿ, ಚಿತ್ರಗಳನ್ನು ಕೊಸೈನ್ ಅಲೆಗಳಾಗಿ ಬಿಡಿಸುವ ವಿಧಾನವೊಂದನ್ನು ಅಧ್ಯಯನ ಮಾಡಲು ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದಿಂದ ಹಣ ಕೇಳಿದರು. ಸಿಗಲಿಲ್ಲ. ವಿಷಯ ತೀರ ಸರಳವಾಗಿದೆ ಎಂಬ ಅಭಿಪ್ರಾಯ ಬಂದಿತ್ತೆಂದು ಅವರೇ ಮುಂದೆ ಬರೆದಿದ್ದಾರೆ. ಆದರೂ ಕೈಬಿಡದೆ, ಶಿಷ್ಯ ಟಿ. ನಟರಾಜನ್ ಮತ್ತು ಗೆಳೆಯ ಕೆ.ಆರ್. ರಾವ್ ಜೊತೆ ಸೇರಿ ಕೆಲಸ ಮುಗಿಸಿದರು. ರಾವ್ ಓದಿದ್ದು ಚೆನ್ನೈನ ಗಿಂಡಿ ಎಂಜಿನಿಯರಿಂಗ್ ಕಾಲೇಜಿನಲ್ಲಿ. 1974ರ ಜನವರಿಯಲ್ಲಿ ಪ್ರಕಟವಾದ ಆ ಪ್ರಬಂಧ ನಾಲ್ಕೇ ಪುಟದ್ದು. ಇವತ್ತು ನಾವು ನೋಡುವ ಜೆಪೆಗ್ ಫೋಟೊ, ಡಿಜಿಟಲ್ ಟೀವಿ, ವಾಟ್ಸ್ಆ್ಯಪ್ ವಿಡಿಯೊ ಎಲ್ಲದರ ಬೇರು ಅಲ್ಲಿದೆ. ಪ್ರಬಂಧವನ್ನು ಓದಿದ ಯಾರು ಬೇಕಾದರೂ ಆ ವಿಧಾನವನ್ನು ಬಳಸಬಹುದಿತ್ತು. ಹಾಗೆ ಬಳಸಿದ್ದರಿಂದಲೇ ಅದು ಲೋಕಕ್ಕೆಲ್ಲ ಹಬ್ಬಿತು.

ಆ ವಿಧಾನವನ್ನು ಬಳಸುವವರು ಚಿತ್ರವನ್ನು 8 ಅಡ್ಡಸಾಲು, 8 ಕಂಬಸಾಲುಗಳ ಪುಟ್ಟ ಚೌಕಗಳಾಗಿ ಕತ್ತರಿಸುತ್ತಾರೆ. ಪ್ರತಿ ಚೌಕದ 64 ಬಿಂದುಗಳು 64 ಅಲೆಗಳ ಅಳತೆಗಳಾಗುತ್ತವೆ. ಕಣ್ಣಿಗೆ ಅಷ್ಟಾಗಿ ತಿಳಿಯದ ಸೂಕ್ಷ್ಮ ಅಲೆಗಳನ್ನು ಒರಟಾಗಿ ಅಳೆದು, ಸಣ್ಣವನ್ನು ಸೊನ್ನೆ ಮಾಡಿದರೆ ಗಾತ್ರ ಇಳಿಯುತ್ತದೆ. ತೊಂದರೆ ಏನೆಂದರೆ, ಪ್ರತಿ ಚೌಕವೂ ಪಕ್ಕದ ಚೌಕವನ್ನು ಕೇಳದೆ ತನ್ನಷ್ಟಕ್ಕೆ ತಾನು ತೀರ್ಮಾನ ಮಾಡಿರುತ್ತದೆ. ಮತ್ತೆ ಜೋಡಿಸಿದಾಗ ಒಂದರ ಬಣ್ಣ ಇನ್ನೊಂದಕ್ಕೆ ಕೂಡುವುದಿಲ್ಲ. ಬೇರೆ ಬೇರೆ ಸೀರೆಯ ತುಂಡು ಹೊಲಿದ ಕೌದಿಯ ಹಾಗೆ ಅಂಚುಗಳೆಲ್ಲ ಎದ್ದು ಕಾಣುತ್ತವೆ.

ಈ ಅಂಚನ್ನು ಮಸುಕು ಮಾಡುವ ಯೋಚನೆ ಹಳೆಯದು. 1984ರಲ್ಲೇ ರೀವ್ ಮತ್ತು ಲಿಮ್ ಎಂಬ ಸಂಶೋಧಕರು ಇದರ ಬಗ್ಗೆ ಬರೆದಿದ್ದರು. 1988ರ ಎಚ್.261 ಎಂಬ ವಿಡಿಯೊ ಸಂಕುಚನ ಮಾನದಂಡದಲ್ಲಿ ಸರಳ ಜರಡಿಯೊಂದು (ಫಿಲ್ಟರ್) ಸೇರಿತು: ಒಂದು ಬಿಂದುವಿನ ಬೆಲೆಯ ಅರ್ಧ, ಎರಡು ಪಕ್ಕದವುಗಳ ಕಾಲು ಕಾಲು ಪಾಲು, ಮೂರನ್ನೂ ಕೂಡಿಸು. ಇದನ್ನು ಶಾಲೆಯ ಹುಡುಗಿಯೂ ಮಾಡಬಲ್ಲಳು. ಆದರೆ ಎಲ್ಲ ಕಡೆ ಹೀಗೆ ಸವರಿದರೆ ನಿಜವಾದ ಗೆರೆಯೂ ಮಸುಕಾಗುತ್ತದೆ. ಬಿಳಿ ಟೀ ಶರ್ಟಿನ ಮೇಲಿನ ಕಪ್ಪು ಪಟ್ಟೆಯ ಅಂಚು ಉಳಿಯಬೇಕು, ಚೌಕದ ಸುಳ್ಳು ಅಂಚು ಹೋಗಬೇಕು. ಯಾವುದು ನಿಜ, ಯಾವುದು ಸುಳ್ಳು ಎಂದು ಯಂತ್ರಕ್ಕೆ ಹೇಗೆ ಗೊತ್ತಾಗಬೇಕು?

2003ರ ಎಚ್.264 ಮಾನದಂಡ ಇದಕ್ಕೆ ಕೊಟ್ಟ ಉತ್ತರ ಜಾಣತನದ್ದು, ನನಗೆ ಬಹಳ ಇಷ್ಟವಾದದ್ದು. ಅಂಚಿನ ಎರಡೂ ಬದಿಯ ಬಿಂದುಗಳ ನಡುವಣ ವ್ಯತ್ಯಾಸವನ್ನು ಅದು ಒಂದು ಮಿತಿಗೆ ಹೋಲಿಸಿ ನೋಡುತ್ತದೆ. ವ್ಯತ್ಯಾಸ ಮಿತಿಗಿಂತ ಕಡಿಮೆಯಿದ್ದರೆ ಅದು ಸಂಕುಚನದ ಕೆಲಸ, ಸವರು. ಹೆಚ್ಚಿದ್ದರೆ ಅದು ಚಿತ್ರದಲ್ಲೇ ಇದ್ದ ಗೆರೆ, ಮುಟ್ಟಬೇಡ. ಮಿತಿಯೂ ಸ್ಥಿರವಲ್ಲ. ಚಿತ್ರವನ್ನು ಎಷ್ಟು ಒರಟಾಗಿ ಅಳೆದಿದ್ದೇವೋ ಅಷ್ಟು ದೊಡ್ಡ ಸುಳ್ಳು ಅಂಚು ಹುಟ್ಟುವ ಸಂಭವ ಇರುವುದರಿಂದ ಮಿತಿಯೂ ಅದರ ಜೊತೆ ಏರುತ್ತದೆ. ಪ್ರತಿ ಅಂಚಿಗೂ 0ಯಿಂದ 4ರವರೆಗೆ ಒಂದು ಬಲವನ್ನು ಗೊತ್ತುಮಾಡಲಾಗುತ್ತದೆ. 0 ಇದ್ದಲ್ಲಿ ಸವರುವುದೇ ಇಲ್ಲ. ಹೀಗೆ ಸವರಿದ ಚಿತ್ರವೇ ಮುಂದಿನ ಚಿತ್ರವನ್ನು ಊಹಿಸಲು ಆಧಾರವಾಗುತ್ತದೆ. ಆಧಾರ ಚೊಕ್ಕವಾಗಿದ್ದರೆ ಮುಂದಿನ ಚಿತ್ರಕ್ಕೆ ಕಡಿಮೆ ಬಿಟ್‌ಗಳು ಸಾಕು. ಅಂದರೆ ಅಂದಕ್ಕಾಗಿ ಹಾಕಿದ ಜರಡಿ ಉಳಿತಾಯವನ್ನೂ ತರುತ್ತದೆ.

ಇದಾದ ಮೇಲೆ ಜರಡಿಗಳು ಒಂದರ ಹಿಂದೊಂದು ಬಂದವು. 2013ರ ಎಚ್‌ಇವಿಸಿ ಮಾನದಂಡದಲ್ಲಿ ಅಂಚು ಸವರಿದ ಮೇಲೆ ಪ್ರತಿ ಬಿಂದುವನ್ನೂ ನೆರೆಯವುಗಳೊಡನೆ ಹೋಲಿಸಿ ಗುಂಪು ಮಾಡಿ, ಗುಂಪಿಗಿಷ್ಟು ಎಂದು ಸಣ್ಣ ತಿದ್ದುಪಡಿ ಕೂಡಿಸುವ ಎರಡನೆಯ ಜರಡಿ ಸೇರಿತು. ಎಸ್‌ಎಒ ಎಂದು ಅದರ ಹೆಸರು. 2020ರ ವಿವಿಸಿ ಮಾನದಂಡದಲ್ಲಿ ಅದರ ಮೇಲೆ ಎಎಲ್‌ಎಫ್ ಎಂಬ ಇನ್ನೊಂದು ಬಂತು. ಇದು ವಜ್ರಾಕಾರದ ಜಾಗದೊಳಗಿನ ಬಿಂದುಗಳನ್ನೆಲ್ಲ ತೂಗಿ, ಚಿತ್ರದ ತುಣುಕುಗಳನ್ನು 25 ವರ್ಗಗಳಾಗಿ ವಿಂಗಡಿಸಿ ಕೆಲಸ ಮಾಡುತ್ತದೆ. ಎಚ್‌ಇವಿಸಿ ರೂಪುಗೊಳ್ಳುವಾಗಲೇ ಇದನ್ನು ಪರೀಕ್ಷಿಸಿ ಕೈಬಿಟ್ಟಿದ್ದರು. ಏಳು ವರ್ಷಗಳ ನಂತರ ಅದೇ ಮತ್ತೆ ಒಳಗೆ ಬಂತು.

ಈಗ ಕಾನೂನಿಗೆ ಬರೋಣ. ನಮ್ಮ 1970ರ ಪೇಟೆಂಟ್ ಕಾಯ್ದೆಯ 3(ಕೆ) ಕಲಮಿನ ಪ್ರಕಾರ ಗಣಿತದ ವಿಧಾನ, ವ್ಯಾಪಾರದ ವಿಧಾನ, ಬರೀ ಕಂಪ್ಯೂಟರ್ ಪ್ರೋಗ್ರಾಂ, ಅಲ್ಗಾರಿದಮ್ ಇವು ಆವಿಷ್ಕಾರಗಳಲ್ಲ. 2002ರ ತಿದ್ದುಪಡಿಯಲ್ಲಿ ಬಂದ ಕಲಮು ಇದು. ಕೈಗಾರಿಕೆಯಲ್ಲಿ ತಾಂತ್ರಿಕ ಬಳಕೆಯುಳ್ಳ ಪ್ರೋಗ್ರಾಂಗೆ ಪೇಟೆಂಟ್ ಕೊಡಬಹುದೆಂದು ಇದನ್ನು ಸಡಿಲಿಸುವ ಪ್ರಯತ್ನ 2004ರ ಕೊನೆಯ ಸುಗ್ರೀವಾಜ್ಞೆಯಲ್ಲಿ ನಡೆಯಿತು. 2005ರಲ್ಲಿ ಸಂಸತ್ತು ಅದನ್ನು ಒಪ್ಪಲಿಲ್ಲ. ಆಮೇಲೆ ಪೇಟೆಂಟ್ ಕಚೇರಿಯ ಮಾರ್ಗಸೂಚಿಗಳು ಅತ್ತಿತ್ತ ಓಲಾಡಿದವು. 2016ರಲ್ಲಿ ಹೊಸ ಹಾರ್ಡ್‌ವೇರ್ ಇರಲೇಬೇಕೆಂದರು, 2017ರಲ್ಲಿ ಆ ಮಾತು ತೆಗೆದರು, 2025ರಲ್ಲಿ ಮತ್ತೆ ಹೊಸದಾಗಿ ಬರೆದರು. ನಡುವೆ 2019ರ ಡಿಸೆಂಬರಿನಲ್ಲಿ ಫರೀದ್ ಅಲಾನಿ ಪ್ರಕರಣದಲ್ಲಿ ದೆಹಲಿ ಹೈಕೋರ್ಟು, ತಾಂತ್ರಿಕ ಪರಿಣಾಮ ಅಥವಾ ತಾಂತ್ರಿಕ ಕೊಡುಗೆ ಇದ್ದರೆ ಕಂಪ್ಯೂಟರಿನ ಆಧಾರವಿದೆ ಎಂಬ ಒಂದೇ ಕಾರಣಕ್ಕೆ ಪೇಟೆಂಟ್ ನಿರಾಕರಿಸಬಾರದು ಎಂದಿತು. ಆ ಅರ್ಜಿ ಭಾರತಕ್ಕೆ ಬಂದದ್ದು 2002ರಲ್ಲಿ. ಪೇಟೆಂಟಿನ ಆಯುಸ್ಸೇ 20 ವರ್ಷ ಎಂಬುದನ್ನು ಇಲ್ಲಿ ನೆನೆಯಬೇಕು.

ಕೊಯಮತ್ತೂರು, ತಿರುಪ್ಪೂರಿನವರ ಅರ್ಜಿಗಳೂ ಬೆಂಗಳೂರು, ಮಂಗಳೂರಿನವರ ಅರ್ಜಿಗಳೂ ಸೇರುವುದು ಚೆನ್ನೈ ಪೇಟೆಂಟ್ ಕಚೇರಿಯ ವ್ಯಾಪ್ತಿಗೆ. ಅದಿರುವುದು ಗಿಂಡಿಯಲ್ಲಿ. ಕೊಯಮತ್ತೂರಿನ ವೆಟ್ ಗ್ರೈಂಡರಿಗೂ ಮೈಸೂರು ರೇಷ್ಮೆಗೂ ಭೌಗೋಳಿಕ ಗುರುತು ಕೊಟ್ಟ ನೋಂದಣಿ ಕಚೇರಿಯೂ ಅಲ್ಲೇ ಇದೆ. 2021ರಲ್ಲಿ ಬೌದ್ಧಿಕ ಆಸ್ತಿ ಮೇಲ್ಮನವಿ ಮಂಡಳಿ ರದ್ದಾದ ಮೇಲೆ, ಚೆನ್ನೈ ಕಚೇರಿಯ ತೀರ್ಮಾನ ಒಪ್ಪದ ಕನ್ನಡಿಗನೂ ಮದ್ರಾಸ್ ಹೈಕೋರ್ಟಿಗೇ ಹೋಗಬೇಕು.

ಜರಡಿಯೊಂದರ ಅರ್ಜಿ ಬಂದಾಗ ಪರಿಶೀಲಕರು ನೋಡುವುದು ಹಕ್ಕು ಕೇಳಿದ ವಾಕ್ಯಗಳನ್ನು. ಇದು ಹೊಸದೇ? ಈ ಕ್ಷೇತ್ರ ಬಲ್ಲವನಿಗೆ ತಾನಾಗಿ ಹೊಳೆಯುವಂಥದ್ದೇ? 3(ಕೆ) ಕಲಮಿನ ಬಲೆಗೆ ಬೀಳುತ್ತದೆಯೇ? ಮೂರನೆಯದಕ್ಕೆ ಅರ್ಜಿದಾರರ ಉತ್ತರ ಸಾಮಾನ್ಯವಾಗಿ ಸಿದ್ಧವಿರುತ್ತದೆ: ನಮ್ಮ ವಿಧಾನದಿಂದ ಬಿಟ್‌ಗಳು ಉಳಿಯುತ್ತವೆ, ಮೆಮೊರಿಗೆ ಹೋಗಿ ಬರುವುದು ತಗ್ಗುತ್ತದೆ, ಚಿಪ್ ಕಡಿಮೆ ವಿದ್ಯುತ್ ಬಳಸುತ್ತದೆ, ಆದ್ದರಿಂದ ಇದು ಬರೀ ಲೆಕ್ಕವಲ್ಲ. ಎಚ್.264ರ ಜರಡಿಯಂಥದ್ದಕ್ಕೆ ಈ ವಾದ ಸಲ್ಲುತ್ತದೆ ಎಂದೇ ನನ್ನ ಅಭಿಪ್ರಾಯ. ಅಲ್ಲಿ ಸಂಖ್ಯೆಗಳು ಬೆಳಕು ಬಣ್ಣಗಳ ಅಳತೆ, ಫಲ ಪರದೆಯ ಮೇಲೆ ಕಾಣುತ್ತದೆ, ತಂತಿಯಲ್ಲಿ ಹರಿಯುವ ದತ್ತಾಂಶ ನಿಜಕ್ಕೂ ಇಳಿಯುತ್ತದೆ.

ನನ್ನ ಕಳವಳ ಎರಡನೆಯ ಪ್ರಶ್ನೆಯದು. ಏಳು ಬಿಂದುಗಳ ಅಗಲದ ವಜ್ರವನ್ನು ಐದಕ್ಕೆ ಇಳಿಸುವುದು, ಮಿತಿಯ ಕೋಷ್ಟಕದಲ್ಲಿ ನಾಲ್ಕು ಅಂಕಿ ಬದಲಿಸುವುದು, ಎರಡು ಜರಡಿಗಳ ಸರದಿ ಅದಲುಬದಲು ಮಾಡುವುದು: ಇಂಥವೆಲ್ಲ ಪ್ರತ್ಯೇಕ ಪೇಟೆಂಟ್ ಆಗತೊಡಗಿದರೆ ಕಷ್ಟ. ಇಲ್ಲಿ ಪರಿಶೀಲನೆ ಬೇರೆ ಕ್ಷೇತ್ರಗಳಿಗಿಂತ ಬಿಗಿಯಾಗಿರಬೇಕು ಎನ್ನಲು ಒಂದು ಗಟ್ಟಿ ಕಾರಣವಿದೆ. ಪಂಪಿನ ಒಂದು ಭಾಗಕ್ಕೆ ಯಾರೋ ಪೇಟೆಂಟ್ ಪಡೆದಿದ್ದರೆ ಕೊಯಮತ್ತೂರಿನ ಪಂಪ್ ತಯಾರಕ ಅದನ್ನು ಬಿಟ್ಟು ಬೇರೆ ರೀತಿ ವಿನ್ಯಾಸ ಮಾಡಬಲ್ಲ. ವಿಡಿಯೊ ಮಾನದಂಡದೊಳಗಿನ ಜರಡಿಯನ್ನು ಬಿಡಲಾಗದು. ಕಳಿಸುವವನು ಸವರಿದ ಚಿತ್ರವನ್ನು ಆಧಾರ ಮಾಡಿಕೊಂಡಿರುವಾಗ ನೋಡುವವನ ಯಂತ್ರ ಸವರದೆ ಬಿಟ್ಟರೆ ಇಬ್ಬರ ಚಿತ್ರಗಳೂ ಬೇರೆಯಾಗಿ, ತಪ್ಪು ಚಿತ್ರದಿಂದ ಚಿತ್ರಕ್ಕೆ ಬೆಳೆಯುತ್ತಾ ಹೋಗುತ್ತದೆ. ಅಂದರೆ ಮಾನದಂಡದೊಳಗೆ ಸೇರಿದ ಒಂದು ದುರ್ಬಲ ಪೇಟೆಂಟಿನ ಬೆಲೆಯನ್ನು ಆ ಮಾನದಂಡ ಬಳಸುವ ಪ್ರತಿ ಫೋನೂ ಪ್ರತಿ ಟೀವಿಯೂ ತೆರಬೇಕು.

ಇದು ನಮಗೆ ದೂರದ ಮಾತಲ್ಲ. ಎಚ್‌ಇವಿಸಿ ವಿಡಿಯೊ ತಯಾರಿಸಲು ಜಗತ್ತಿನಾದ್ಯಂತ ಬಳಸುವ ಮುಕ್ತ ಸಾಫ್ಟ್‌ವೇರ್ ಎಕ್ಸ್265. ಅದನ್ನು 2013ರಿಂದ ಕಟ್ಟಿ ಬೆಳೆಸಿದ ಮಲ್ಟಿಕೋರ್‌ವೇರ್ ಕಂಪನಿಗೆ ಚೆನ್ನೈ ಮತ್ತು ಕೊಯಮತ್ತೂರಿನಲ್ಲಿ ಕಚೇರಿಗಳಿವೆ. ಆಂಡ್ರಾಯ್ಡ್ ಫೋನುಗಳಲ್ಲಿ ಎಚ್.264, ಎಚ್‌ಇವಿಸಿ ಬಿಡಿಸುವ ಮುಕ್ತ ಸಾಫ್ಟ್‌ವೇರನ್ನು ಬರೆದದ್ದು 2001ರಲ್ಲಿ ಶುರುವಾದ ಬೆಂಗಳೂರಿನ ಇಟಿಯಂ ಸಿಸ್ಟಮ್ಸ್. ಎಕ್ಸ್265ರಲ್ಲಿ ಅಂಚಿನ ಜರಡಿಯ ಬಲವನ್ನು ಬಳಸುವವರೇ ಏರಿಸಿ ಇಳಿಸಬಹುದು, ಎಸ್‌ಎಒ ಬೇಡವೆಂದರೆ ನಿಲ್ಲಿಸಬಹುದು. ನವಿರು ವಿವರ ಉಳಿಯಲಿ ಎಂದು ಹಲವರು ಹಾಗೆ ಮಾಡುತ್ತಾರೆ. ಹೆಣಿಗೆ ಬಟ್ಟೆಯ ಕುಣಿಕೆ ಕಾಣಬೇಕೆನ್ನುವವರಿಗೂ ಇದು ಉಪಯೋಗದ ಮಾತು. ಆದರೆ ಈ ಸಾಫ್ಟ್‌ವೇರಿನ ಪರವಾನಗಿ ಪಡೆದವರಿಗೆ ಎಚ್‌ಇವಿಸಿ ಪೇಟೆಂಟ್‌ಗಳ ಪರವಾನಗಿ ಅದರ ಜೊತೆ ಸಿಗುವುದಿಲ್ಲ. ಅದನ್ನು ಬೇರೆಯಾಗಿ ಪಡೆಯಬೇಕು. ಕೋಡ್ ಬರೆಯುವುದರಲ್ಲಿ ದಕ್ಷಿಣ ಭಾರತದ ಎಂಜಿನಿಯರ್‌ಗಳ ಪಾಲು ದೊಡ್ಡದು. ಜರಡಿಗಳ ಮೇಲಿನ ಹಕ್ಕಿನಲ್ಲಿ ಮೀಡಿಯಾಟೆಕ್, ಕ್ವಾಲ್‌ಕಾಮ್, ನೋಕಿಯಾಗಳಂಥ ಕಂಪನಿಗಳ ಹೆಸರು ಮುಂದೆ.

ಎಚ್‌ಇವಿಸಿಗೆ ಒಂದಾದ ಮೇಲೊಂದು ಪೇಟೆಂಟ್ ಹೊಂದಿದವರ ಕೂಟಗಳು ಹುಟ್ಟಿ, ಯಾರಿಗೆ ಎಷ್ಟು ಕೊಡಬೇಕೆಂಬುದೇ ಗೋಜಲಾಯಿತು. ಬೇಸತ್ತ ದೊಡ್ಡ ಕಂಪನಿಗಳು 2015ರಲ್ಲಿ ಒಂದಾಗಿ, ರಾಯಧನ ಕೇಳದ ಎವಿ1 ಮಾನದಂಡವನ್ನು 2018ರಲ್ಲಿ ತಂದವು. ಅದರಲ್ಲೂ ಜರಡಿಗಳಿವೆ. ಮೋಜಿಲ್ಲಾ ಮತ್ತು ಸಿಸ್ಕೊ ತಮ್ಮ ತಮ್ಮ ಯೋಜನೆಗಳಲ್ಲಿ ಬೆಳೆಸಿದ ಎರಡು ಜರಡಿಗಳನ್ನು ಕೂಡಿಸಿ ಒಂದನ್ನು ಮಾಡಲಾಯಿತು. ನಾಸಿರ್ ಅಹ್ಮದ್ ಮತ್ತು ಸಂಗಡಿಗರು ಪ್ರಬಂಧ ಪ್ರಕಟಿಸಿ ತೆರೆದ ದಾರಿಗೆ ಉದ್ಯಮ ನಾಲ್ಕು ದಶಕಗಳ ನಂತರ ಹಣ ಸುರಿದು ಮರಳಬೇಕಾಯಿತು.

ದೇಶದೊಳಗಿನಿಂದ ಬರುವ ಪೇಟೆಂಟ್ ಅರ್ಜಿಗಳಲ್ಲಿ ತಮಿಳುನಾಡು ಇತ್ತೀಚಿನ ವರ್ಷಗಳಲ್ಲಿ ಮುಂಚೂಣಿಯಲ್ಲಿದೆ, ಕರ್ನಾಟಕವೂ ಹಿಂದೆ ಬಿದ್ದಿಲ್ಲ. ಕೊಯಮತ್ತೂರಿನ ಸುತ್ತ ಎಂಜಿನಿಯರಿಂಗ್ ಕಾಲೇಜುಗಳಿಗೆ ಬರವಿಲ್ಲ. ಕಾಲೇಜುಗಳ ರಾಷ್ಟ್ರೀಯ ಶ್ರೇಯಾಂಕದಲ್ಲಿ ಪೇಟೆಂಟ್‌ಗಳಿಗೂ ಅಂಕವಿರುವುದರಿಂದ ಅರ್ಜಿ ಹಾಕುವ ಉತ್ಸಾಹ ಎಲ್ಲೆಡೆ ಇದೆ. ಅರ್ಜಿಯ ಸಂಖ್ಯೆಗಿಂತ ದೊಡ್ಡದು ಅರ್ಜಿಗಳನ್ನು ಓದುವ ಅಭ್ಯಾಸ. ವಿಡಿಯೊ ಮಾನದಂಡಗಳ ಸಭೆಗಳಿಗೆ ಬಂದ ಸಾವಿರಾರು ತಾಂತ್ರಿಕ ಪತ್ರಗಳು ಸಾರ್ವಜನಿಕವಾಗಿ ಸಿಗುತ್ತವೆ. ಯಾವ ಜರಡಿ ಯಾವ ತಿಂಗಳು ಯಾರ ಕೈಯಿಂದ ಮೊದಲು ಹೊರಬಂತು ಎಂಬುದಕ್ಕೆ ಅವೇ ಸಾಕ್ಷಿ. ಭಾರತದ ಅರ್ಜಿಗಳೂ ಸಾಮಾನ್ಯವಾಗಿ 18 ತಿಂಗಳ ನಂತರ ಪ್ರಕಟವಾಗಿ ಪೇಟೆಂಟ್ ಕಚೇರಿಯ ತಾಣದಲ್ಲಿ ಯಾರಿಗೂ ಓದಲು ದೊರೆಯುತ್ತವೆ. ವಿದ್ಯಾರ್ಥಿಗಳು ಒಂದು ಸೆಮಿಸ್ಟರು ಇವೆರಡನ್ನೂ ಅಕ್ಕಪಕ್ಕ ಇಟ್ಟು ಓದಲಿ, ಮೇಷ್ಟರುಗಳು ಓದಿಸಲಿ. ಹಳೆಯದನ್ನೇ ಹೊಸದೆಂದು ಹೇಳಿದ ಅರ್ಜಿ ಕಂಡರೆ ಸಾಕ್ಷಿಸಮೇತ ಚೆನ್ನೈಗೆ ತಿಳಿಸಲಿ. ಕಾಯ್ದೆಯ 25(1) ಕಲಮಿನಡಿ ಪೇಟೆಂಟ್ ಮಂಜೂರಾಗುವ ಮುನ್ನ ಯಾವ ವ್ಯಕ್ತಿ ಬೇಕಾದರೂ ವಿರೋಧ ಸಲ್ಲಿಸಬಹುದು. ಅದಕ್ಕೆ ಅವಕಾಶವಿರಲೆಂದೇ ಅರ್ಜಿ ಪ್ರಕಟವಾಗಿ ಆರು ತಿಂಗಳು ಕಳೆಯುವ ತನಕ ಯಾವ ಪೇಟೆಂಟನ್ನೂ ಕೊಡುವಂತಿಲ್ಲ.